ಬಾಟ್ಲಿ ಮುಗೀತು, ಅಕ್ಕಾರ

ರಾತ್ರಿ ಪಾಳಿಯಲ್ಲಿ ಮೆಡಿಕಲ್ ವಾರ್ಡು ನೋಡಿಕೊಂಡ ಯಾವ ನರ್ಸನ್ನಾದರೂ ಕೇಳಿ, ಅವಳು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಇದೇ ಆಗಿರುತ್ತದೆ. ‘ಅಕ್ಕಾರ, ಬಾಟ್ಲಿ ಮುಗೀತು, ಲಗೂನ ಬರ್ರಿ!’ ಹೇಳುವವರು ನಡೆದು ಬರುವುದಿಲ್ಲ, ಓಡಿ ಬರುತ್ತಾರೆ. ಸಲೈನ್ ಖಾಲಿಯಾದರೆ ಪೈಪಿನಲ್ಲಿರುವ ಗಾಳಿ ಮೈಯೊಳಗೆ ಹೊಕ್ಕು ಜೀವ ಹೋಗುತ್ತದೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಸಿನಿಮಾದವರೂ ಇದಕ್ಕೆ ಸಾಕಷ್ಟು ನೀರೆರೆದಿದ್ದಾರೆ. ನಿಜದಲ್ಲಿ ಹಾಗಾಗುವುದಿಲ್ಲ. ತೂಗುಹಾಕಿದ ಬಾಟಲಿಯಿಂದ ಹನಿ ಇಳಿಯುವುದು ಬರೀ ಎತ್ತರದ ಬಲದಿಂದ. ಬಾಟಲಿ ಬರಿದಾದರೆ ಪೈಪಿನಲ್ಲಿ ಉಳಿದ ದ್ರವ ಇಳಿಯುತ್ತ ಬಂದು, ರಕ್ತನಾಳದ ಒತ್ತಡಕ್ಕೆ ಸಮವಾದಲ್ಲಿ ನಿಂತುಬಿಡುತ್ತದೆ. ಹೆಚ್ಚೆಂದರೆ ಸ್ವಲ್ಪ ರಕ್ತ ಹಿಂದಕ್ಕೇರಿ ಕ್ಯಾನುಲಾ ಕಟ್ಟಿಕೊಳ್ಳಬಹುದು, ಇನ್ನೊಂದು ಸಲ ಚುಚ್ಚಬೇಕಾಗಬಹುದು.

ಇದನ್ನು ಹೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಮಾತ್ರ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಉತ್ತರ ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನರ್ಸು. ಜಿಎನ್‌ಎಂ ಮುಗಿಸಿ ಮೊದಲು ಖಾಸಗಿ ನರ್ಸಿಂಗ್ ಹೋಮು, ಆಮೇಲೆ ಗುತ್ತಿಗೆ, ಆಮೇಲೆ ಕಾಯಂ. ಎಲ್ಲರ ದಾರಿಯೂ ಹೆಚ್ಚುಕಡಿಮೆ ಹೀಗೇ. ಈ ದಾರಿಯುದ್ದಕ್ಕೂ ನೋಡಿದ ವಾರ್ಡಿನ ಜಗಳಗಳನ್ನು ನೆನೆಸಿಕೊಂಡರೆ, ತಪ್ಪು ಚಿಕಿತ್ಸೆಯಿಂದ ಹುಟ್ಟಿದವು ಬಹಳ ಕಡಿಮೆ. ಯಾರೂ ಏನೂ ಹೇಳದೆ ಹೋದದ್ದರಿಂದ ಹುಟ್ಟಿದವೇ ಹೆಚ್ಚು. ಡಾಕ್ಟರು ರೌಂಡ್ಸ್ ಮುಗಿಸಿ ಹೋಗಿರುತ್ತಾರೆ, ಕೇಸ್ ಶೀಟು ಇಂಗ್ಲಿಷಿನಲ್ಲಿರುತ್ತದೆ. ಕೇಳಬೇಕೆಂದರೆ ಉಳಿದವಳು ಬಿಳಿ ಬಟ್ಟೆಯ ನಾನೊಬ್ಬಳೇ, ಅದೂ ಕೈಯಲ್ಲಿ ಟ್ರೇ ಹಿಡಿದು ಓಡುತ್ತಿರುತ್ತೇನೆ.

ಆಪರೇಷನ್ನಿಗೆ ಮುಂಚಿನ ಉಪವಾಸವನ್ನೇ ತೆಗೆದುಕೊಳ್ಳಿ. ‘ರಾತ್ರಿ ಹನ್ನೆರಡರ ಮ್ಯಾಲ ಏನೂ ಕೊಡಬ್ಯಾಡ್ರಿ’ ಎಂದರೆ ಮನೆಯವರು ತಲೆಯಾಡಿಸುತ್ತಾರೆ. ಬೆಳಗಿನ ಐದಕ್ಕೆ ಸೊಸೆ ಫ್ಲಾಸ್ಕಿನಿಂದ ಚಹಾ ಸುರಿದು ಕೊಡುತ್ತಿರುತ್ತಾಳೆ. ಕೇಳಿದರೆ, ‘ಊಟ ಕೊಟ್ಟಿಲ್ರೀ, ಬರೇ ಚಾ.’ ಅವಳ ಲೆಕ್ಕದಲ್ಲಿ ಚಹಾ ಊಟವಲ್ಲ, ಮುದುಕರಿಗೆ ಅದು ಮುಖ ತೊಳೆದಷ್ಟೇ ಸಹಜ. ಈಗ ನಾನು ‘ಕೊಡಬ್ಯಾಡ್ರಿ’ ಎಂದಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಅರಿವಳಿಕೆ ಕೊಟ್ಟಾಗ ಕೆಮ್ಮುವ ಶಕ್ತಿ ಇರುವುದಿಲ್ಲ, ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಉಸಿರೇ ಕಟ್ಟುತ್ತದೆ ಎಂದು ಹೇಳುತ್ತೇನೆ. ಕಾರಣ ಗೊತ್ತಾದ ಸೊಸೆ ಪಕ್ಕದ ಹಾಸಿಗೆಯವರ ಫ್ಲಾಸ್ಕನ್ನೂ ಕಾಯುತ್ತಾಳೆ.

ಮನೆಯವರ ಗಾಬರಿಗೆ ಒಂದು ಕೆಲಸ ಬೇಕು ಎನ್ನುವುದನ್ನು ನನಗೆ ಕಲಿಸಿದ್ದು ಹಾವು ಕಡಿದ ಕೇಸು. ಮಳೆಗಾಲದಲ್ಲಿ, ಮೆಕ್ಕೆಜೋಳ ಎದೆಯೆತ್ತರಕ್ಕೆ ಬಂದಿರುವ ದಿನಗಳಲ್ಲಿ, ಇಂಥವು ಬರುತ್ತಲೇ ಇರುತ್ತವೆ. ಒಂದು ರಾತ್ರಿ ಹೊಲಕ್ಕೆ ನೀರು ಬಿಡಲು ಹೋಗಿದ್ದ ಹುಡುಗನನ್ನು ಟಂಟಂನಲ್ಲಿ ಹಾಕಿಕೊಂಡು ಬಂದರು. ಕಾಲು ಊದಿತ್ತು, ಮೊಣಕಾಲ ಕೆಳಗೆ ಹಗ್ಗ ಬಿಗಿದಿದ್ದರು, ಜೊತೆಗೆ ಗೊಬ್ಬರದ ಚೀಲದಲ್ಲಿ ಸತ್ತ ಹಾವು. ಆ ಚೀಲವನ್ನು ತಂದಿಟ್ಟದ್ದು ನೇರ ನನ್ನ ಟೇಬಲ್ಲಿನ ಮೇಲೆ, ರಿಪೋರ್ಟ್ ಬುಕ್ಕಿನ ಪಕ್ಕ. (ಹಾವನ್ನು ಹುಡುಕಿ, ಕೊಂದು ತರುವ ಅಗತ್ಯವೇ ಇಲ್ಲ. ನಮ್ಮಲ್ಲಿ ಸಿಗುವ ವಿಷಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ಕೊಲ್ಲಲು ಹೋಗಿ ಇನ್ನೊಬ್ಬರು ಕಡಿಸಿಕೊಂಡು ಬಂದದ್ದುಂಟು.)

ರಕ್ತ ಸೋರುತ್ತಿದ್ದರೆ, ರೆಪ್ಪೆ ಜೋತು ಬಿದ್ದಿದ್ದರೆ ಕಾಯುವ ಮಾತೇ ಇಲ್ಲ, ತಕ್ಷಣ ಮದ್ದು. ಇವನಿಗೆ ಅವೆರಡೂ ಇರಲಿಲ್ಲ. ಅಂಥವರಿಗೆ ಒಂದು ಪರೀಕ್ಷೆ ಇದೆ, ಯಂತ್ರ ಬೇಡ, ಲ್ಯಾಬ್ ಬೇಡ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ 2 ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಬೇಕು. ಆಮೇಲೆ ಬಾಗಿಸಿ ನೋಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಏರಿದೆ ಎಂದರ್ಥ. ಪ್ಲಾಸ್ಟಿಕ್ ಟ್ಯೂಬ್ ನಡೆಯುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ನಡೆಯುವುದಿಲ್ಲ. ಎರಡರಲ್ಲೂ ಫಲಿತಾಂಶ ತಪ್ಪಾಗಬಹುದು.

ಇದು ನಮಗೆ ಗೊತ್ತು. ಹುಡುಗನ ಜೊತೆ ಬಂದವರ ಕಣ್ಣಿಗೆ ಕಾಣುವುದು ಬೇರೆ: ಹುಡುಗ ನರಳುತ್ತಿದ್ದಾನೆ, ಸಿಸ್ಟರು ಒಂದು ಟ್ಯೂಬು ಇಟ್ಟು ಸುಮ್ಮನಿದ್ದಾಳೆ. ‘ಹುಡುಗ ಸಾಯಾಕತ್ತಾನ, ಇವ್ರು ಟ್ಯೂಬ್ ನೋಡ್ಕೋತ ನಿಂತಾರ!’ ಎಂದು ಒಬ್ಬ ಕೂಗಿದ. ಇನ್ನೊಬ್ಬ ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದ. ಗುಂಪಿನಲ್ಲಿ ವಯಸ್ಸಾದವರೊಬ್ಬರು, ಹುಡುಗನ ದೊಡ್ಡಪ್ಪ, ಕೈಗೆ ಗಡಿಯಾರ ಕಟ್ಟಿದ್ದರು. ಅವರನ್ನು ಟ್ಯೂಬಿನ ಹತ್ತಿರ ಕರೆದೆ. ‘ಕಾಕಾರ, ಈ ರಕ್ತ ಗಟ್ಟಿ ಆಗ್ತೈತೋ ಇಲ್ಲೋ ನೋಡಬೇಕು. ಆಗ್ಲಿಲ್ಲಂದ್ರ ಹತ್ತು ವಯಲ್ ಔಷಧ ಏರಸ್ತೀವಿ. ಟೈಮ್ ನೀವ ನೋಡ್ರಿ. ಯಾರ್ನೂ ಮುಟ್ಟಾಕ ಬಿಡಬ್ಯಾಡ್ರಿ.’

ಅವರು ಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ನಿಂತರು. ಹತ್ತಿರ ಬಂದವರನ್ನೆಲ್ಲ ಅವರೇ ಗದರಿಸಿ ಹಿಂದಕ್ಕೆ ಕಳಿಸಿದರು. ನಾನು ಅಷ್ಟರಲ್ಲಿ ಇನ್ನೊಂದು ಕ್ಯಾನುಲಾ ಹಾಕಿ, ಮದ್ದಿನ ಪುಡಿ ಕರಗಿಸಲು ಬೇಕಾದ್ದು ಹೊಂದಿಸಿ, ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟುಕೊಂಡೆ. ವಿಷಮದ್ದು ತಯಾರಾಗುವುದು ಕುದುರೆಯ ರಕ್ತದಿಂದ, ಕೆಲವರ ಮೈ ಅದಕ್ಕೆ ಒಗ್ಗುವುದಿಲ್ಲ. ಸಮಯವಾದಾಗ ಡಾಕ್ಟರು ಟ್ಯೂಬ್ ಬಾಗಿಸಿದರು. ರಕ್ತ ನೀರಿನಂತೆ ಹರಿಯಿತು. ‘ಗಟ್ಟಿ ಆಗಿಲ್ರೀ, ಏರಸ್ರಿ’ ಎಂದು ಮೊದಲು ಹೇಳಿದವರು ಆ ದೊಡ್ಡಪ್ಪನೇ. ಆರು ತಾಸಿನ ಮೇಲೆ ಇದೇ ಪರೀಕ್ಷೆ ಮತ್ತೊಮ್ಮೆ ಮಾಡಬೇಕು ಎಂದು ತಿಳಿಸಿದ್ದೆ, ಬೆಳಗಿನ ಜಾವ ಅವರೇ ಬಂದು ನೆನಪಿಸಿದರು. ಹುಡುಗ ಉಳಿದ. 2024ರಲ್ಲಿ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದ ಮೇಲೆ ಇಂಥ ಪ್ರತಿ ಕೇಸನ್ನೂ ವರದಿ ಮಾಡಬೇಕು. ಒಳ್ಳೆಯದೇ, ನನಗೆ ಇನ್ನೊಂದು ಫಾರಂ.

ಎಲ್ಲ ಸಲ ಹೀಗಾಗುವುದಿಲ್ಲ. ಕುಡಿದು ಬಂದ ಗುಂಪಿಗೆ ಗಡಿಯಾರ ಕೊಟ್ಟು ಪ್ರಯೋಜನವಿಲ್ಲ. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಮೂರು ವರ್ಷದವರೆಗೆ ಜೈಲು ಎನ್ನುವ ಕಾಯ್ದೆ ಕರ್ನಾಟಕದಲ್ಲಿ 2009ರಿಂದ ಇದೆ. ಅದರ ಬೋರ್ಡು ನಮ್ಮ ಬಾಗಿಲಲ್ಲೂ ಕೆಂಪಕ್ಷರದಲ್ಲಿದೆ. ದೂರು ಕೊಡಬೇಕಾದರೆ ರಾತ್ರಿಯೆಲ್ಲ ದುಡಿದವಳು ಬೆಳಿಗ್ಗೆ ಠಾಣೆಯಲ್ಲಿ ಕೂರಬೇಕು. ನಾನು ಕಂಡ ಪ್ರಕರಣಗಳು ಹೆಚ್ಚಾಗಿ ‘ಹೋಗ್ಲಿ ಬಿಡ್ರಿ’ ಎನ್ನುವಲ್ಲಿಗೆ ಮುಗಿದಿವೆ. ಕಾಯ್ದೆ ಬೇಕು, ಬೋರ್ಡೂ ಇರಲಿ. ಆದರೆ ತಾಯಿಯನ್ನು ಹೊತ್ತು ತಂದವನಿಗೆ ಆಸ್ಪತ್ರೆ ಹೇಳುವ ಮೊಟ್ಟಮೊದಲ ಮಾತು ‘ಜೈಲು’ ಆಗಬೇಕೆ?

ಹೇಳಲು ಪುರುಸೊತ್ತು ಎಲ್ಲಿದೆ ಎಂದು ಕೇಳುವ ಸಹೋದ್ಯೋಗಿಗಳ ಮಾತೂ ಸುಳ್ಳಲ್ಲ. ಸಾಮಾನ್ಯ ವಾರ್ಡಿನಲ್ಲಿ ಆರು ಹಾಸಿಗೆಗೆ ಒಬ್ಬ ನರ್ಸ್, ಐಸಿಯುನಲ್ಲಿ ಒಂದಕ್ಕೊಬ್ಬರು, ರಜೆಗೆಂದು ಶೇ 30ರಷ್ಟು ಹೆಚ್ಚುವರಿ ಜನ ಎಂದು ಮಾನದಂಡ ಹೇಳುತ್ತದೆ. ರಾತ್ರಿ ಎಂಟಕ್ಕೆ ಬಂದು ಚಾರ್ಜ್ ತೆಗೆದುಕೊಳ್ಳುವಾಗ ಇಡೀ ವಾರ್ಡು ನನ್ನೊಬ್ಬಳದು. ನೆಲದ ಮೇಲೆ ಹಾಸಿದ ಗಾದಿಗಳು ಯಾವ ಮಾನದಂಡಕ್ಕೂ ಸೇರಿಲ್ಲ. ಮದ್ದಿನ ಇಂಡೆಂಟು, ಸ್ಟಾಕ್ ರಿಜಿಸ್ಟರು, ಆನ್‌ಲೈನ್ ಎಂಟ್ರಿ, ಇವೆಲ್ಲ ಗುಮಾಸ್ತರು ಮಾಡಬಹುದಾದ ಕೆಲಸಗಳು. ವಾರ್ಡಿಗೊಬ್ಬ ಗುಮಾಸ್ತನನ್ನು ಕೊಟ್ಟರೆ ನನಗೆ ತಾಸುಗಟ್ಟಲೆ ಸಮಯ ಸಿಗುತ್ತದೆ. ನರ್ಸಸ್ ಡೇ ಎಂದು ಮೇ 12ಕ್ಕೆ ಕೊಡುವ ಗುಲಾಬಿಯ ಬದಲು ಇದನ್ನೇ ಕೊಡಿ ಎಂದು ಒಮ್ಮೆ ಮೈಕಿನಲ್ಲೇ ಹೇಳಿದ್ದೇನೆ, ಚಪ್ಪಾಳೆ ಬಿತ್ತು.

ಖಾಸಗಿಯವರ ಪಾಡು ಇನ್ನೂ ಬೇರೆ. ಸುಪ್ರೀಂ ಕೋರ್ಟಿನ ಆದೇಶದಂತೆ ನೇಮಕವಾದ ಸಮಿತಿ 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ಚಿಕ್ಕ ಊರಿನ ನರ್ಸಿಂಗ್ ಹೋಮುಗಳಲ್ಲಿ ಅದರ ಅರ್ಧಕ್ಕೆ ದುಡಿಯುವ ಹುಡುಗಿಯರನ್ನು ಆಮೇಲೂ ಕಂಡಿದ್ದೇನೆ. ಅವರು ನಿಲ್ಲುವುದಿಲ್ಲ, ಬೆಂಗಳೂರು, ಗಲ್ಫ್, ಜರ್ಮನಿ ಎಂದು ಹೊರಡುತ್ತಾರೆ. ಹೋಗಲಿ, ನನ್ನ ಮಗಳಿಗೂ ಅದನ್ನೇ ಹೇಳಿಯೇನು. ಆದರೆ ರೋಗಿಯ ಮಾತಿನ ಧಾಟಿ ಹಿಡಿಯಲು ಬೇಕಾದಷ್ಟು ಕಾಲ ಒಂದೇ ವಾರ್ಡಿನಲ್ಲಿ ಯಾರೂ ಉಳಿಯುವುದಿಲ್ಲ.

ಹೇಳದೆ ಮುಚ್ಚಿಡುವ ಅಭ್ಯಾಸ ನಮ್ಮೊಳಗೂ ಇದೆ. ಟ್ರೇನಿಂಗಿಗೆ ಬರುವ ಹುಡುಗಿಯರು ಬಳಸಿದ ಸೂಜಿ ಚುಚ್ಚಿಕೊಂಡರೆ ಬೈಸಿಕೊಳ್ಳುವ ಭಯಕ್ಕೆ ಬಾಯಿ ಬಿಡುವುದಿಲ್ಲ. ಎಚ್‌ಐವಿ ತಡೆಯ ಮಾತ್ರೆಯನ್ನು ಎರಡು ತಾಸಿನೊಳಗೆ ಶುರು ಮಾಡಿದರೆ ಉತ್ತಮ, 72 ತಾಸು ದಾಟಿದರೆ ಶುರು ಮಾಡುವುದಿಲ್ಲ, ಒಟ್ಟು 28 ದಿನ ನುಂಗಬೇಕು. ನಾಚಿಕೆ ಪಡುತ್ತ ಕೂರಲು ಅಲ್ಲಿ ಸಮಯವಿಲ್ಲ. ಹೊಸ ಬ್ಯಾಚು ಬಂದ ದಿನವೇ, ಹಾಜರಿ ಹಾಕುವ ಮೊದಲೇ, ಇದನ್ನು ಹೇಳುತ್ತೇನೆ. ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು ಎನ್ನುವುದು ಆಮೇಲಿನ ಪಾಠ.

ಈಚೆಗೆ ಒಂದು ಹಾಳೆಯಲ್ಲಿ ಸರಳ ಕನ್ನಡದಲ್ಲಿ ನಾಲ್ಕಾರು ಸಂಗತಿ ಬರೆದು ವಾರ್ಡಿನ ಗೋಡೆಗೆ ಅಂಟಿಸಿದ್ದೆ. ಸಲೈನ್ ಮುಗಿದರೆ ಏನಾಗುತ್ತದೆ, ಉಪವಾಸ ಯಾಕೆ, ಆಕ್ಸಿಜನ್ ಹಚ್ಚಿದರೆಂದರೆ ರೋಗಿಯನ್ನು ಕೈಬಿಟ್ಟರೆಂದಲ್ಲ (ಕೋವಿಡ್ ನಂತರ ಈ ಭಯ ಹೆಚ್ಚಿದೆ), ಡಾಕ್ಟರು ಎಷ್ಟು ಹೊತ್ತಿಗೆ ಸಿಗುತ್ತಾರೆ. ತಪಾಸಣೆಗೆ ಬಂದವರು ಗೋಡೆ ಸ್ವಚ್ಛವಾಗಿರಬೇಕೆಂದು ತೆಗೆಸಿದರು. ಲ್ಯಾಮಿನೇಷನ್ ಮಾಡಿಸಿ ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ್ದೇನೆ, ಕಿಟಕಿ ಗೋಡೆಯಲ್ಲವಲ್ಲ. ‘ನೀ ಹಿಂಗ ಎಲ್ಲಾ ಹೇಳಿಕೊಟ್ರ ಅವ್ರು ಇನ್ನೂ ಜಾಸ್ತಿ ಕೇಳ್ತಾರ, ನೋಡ್ತಿರು’ ಎಂದು ಜೊತೆಯ ಪಾಳಿಯವಳು ಎಚ್ಚರಿಸಿದ್ದಳು. ಅವಳು ಹೇಳಿದ್ದು ನಿಜವಾಯಿತು. ಮೊನ್ನೆ ಒಬ್ಬಜ್ಜಿ ಹಾಳೆಯನ್ನು ಮೊಮ್ಮಗಳಿಂದ ಓದಿಸಿಕೊಂಡು ನೇರ ನನ್ನ ಟೇಬಲ್ಲಿಗೆ ಬಂದು, ‘ಇದರಾಗ ಬಿಪಿ ಗುಳಿಗಿ ಸುದ್ದಿನೇ ಇಲ್ಲಲ್ಲವ್ವಾ, ಅದನ್ನ ಯಾವಾಗ ಬಿಡಬೇಕು?’ ಎಂದಳು. ಬಿಡಬಾರದು ಎಂದು ಹೇಳಲು ಹತ್ತು ನಿಮಿಷ ಹಿಡಿಯಿತು.