ಗುಜರಿಗೆ ಹಾಕುವ ಮೊದಲು: ಹಳೆ ಟಿಲ್ಲರಿನ ಅಟ್ಯಾಚ್‌ಮೆಂಟುಗಳಿಂದ ಕಲಿತ ಪಾಠಗಳು

ನಮ್ಮ ಬಂಟ್ವಾಳದ ಕಲ್ಲಡ್ಕದ ಆಸುಪಾಸಿನ ಗೋಳ್ತಮಜಲು, ಬಾಳ್ತಿಲ, ವೀರಕಂಭ, ಅಮ್ಟೂರು ಕಡೆಯ ಹಳೆ ಮನೆಗಳಲ್ಲಿ ಕೊಟ್ಟಿಗೆಯ ಹಿಂಬದಿಗೆ ಹೋಗಿ ನೋಡಿ. ತೆಂಗಿನ ಮಡಲು, ಒಡೆದ ಹಂಚುಗಳ ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣ ಏನಾದರೂ ಕಾಣುತ್ತದೆ. ಹೆಚ್ಚಿನ ಸಲ ಅದು ಟಿಲ್ಲರಿಗೆ ಸಂಬಂಧಪಟ್ಟದ್ದು. ಗದ್ದೆ ಇದ್ದಾಗ ತಂದದ್ದು, ಗದ್ದೆ ತೋಟವಾದ ಮೇಲೆ ಅಲ್ಲೇ ಉಳಿದದ್ದು. ಟಿಲ್ಲರ್ ರಿಪೇರಿಯೇ ನನ್ನ ಕಸುಬು. ಈ ಕಬ್ಬಿಣಗಳ ಮೇಲೆ ನನಗೆ ವಿಶೇಷ ಪ್ರೀತಿ. ಅವುಗಳ ಜೊತೆ ಕೆಲಸ ಮಾಡಿ ತಿಳಿದುಕೊಂಡದ್ದನ್ನು ಬರೆದಿದ್ದೇನೆ.

1. ಇಂಜಿನ್ ಹೋದರೆ ಇನ್ನೊಂದು ಸಿಗುತ್ತದೆ, ಅಟ್ಯಾಚ್‌ಮೆಂಟು ಹೋದರೆ ಸಿಗುವುದಿಲ್ಲ.

ನಮ್ಮ ಕಡೆ ಬರುವ ಹಳೆ ಟಿಲ್ಲರುಗಳು ಮುಖ್ಯವಾಗಿ ಎರಡು ಮನೆತನದವು. ಒಂದು, 1967ರಲ್ಲಿ ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಶುರುವಾದ ವಿಎಸ್‌ಟಿಯ ಶಕ್ತಿ. ಇನ್ನೊಂದು, 1973ರಲ್ಲಿ ಕೇರಳದ ಅತ್ತಾಣಿಯಲ್ಲಿ ಹುಟ್ಟಿದ ಕ್ಯಾಮ್ಕೋ; ಅದರ ಮೂಲ ಜಪಾನಿನ ಕುಬೋಟ. ಎರಡರ ಪಿಸ್ಟನ್, ರಿಂಗ್, ಬೇರಿಂಗ್, ಆಯಿಲ್ ಸೀಲು ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಆದರೆ ಅದೇ ಟಿಲ್ಲರಿನ ಮುಂದೆ ಕಟ್ಟುವ ಕಟಾವಿನ ಯಂತ್ರದ ಬ್ರಾಕೆಟ್ಟು, ಸಾಲು ಬಿಡುವ ನೇಗಿಲಿನ ಕೊಂಡಿ, ಪಂಪು ಕೂರಿಸುವ ಪ್ಲೇಟು ಕಳೆದುಹೋದರೆ ಹೊಸತು ಎಲ್ಲಿಯೂ ಇಲ್ಲ. ಲೇತಿನಲ್ಲಿ ಮಾಡಿಸಬೇಕು, ಮಾಡಿಸಲು ನಮೂನೆ ಬೇಕು.

ಅಮೆರಿಕದಲ್ಲಿ ಬೆಂಜಮಿನ್ ಗ್ರೇವ್ಲಿ 1916ರಲ್ಲಿ ಪೇಟೆಂಟ್ ಪಡೆದ ಕೈಟ್ರಾಕ್ಟರು ಮುಂದೆ ನೇಗಿಲು, ಹುಲ್ಲು ಕತ್ತರಿಸುವ ಯಂತ್ರ, ಹಿಮ ಸರಿಸುವ ಹಲಗೆ ಎಂದು ಒಂದೊಂದಾಗಿ ಜೋಡಣೆಗಳನ್ನು ಕಂಡಿತು. ಅಲ್ಲಿಯ ಹಳೆ ಯಂತ್ರಪ್ರಿಯರು ಇಂದಿಗೂ ಆ ಜೋಡಣೆಗಳನ್ನು ಹುಡುಕುತ್ತಾರೆ. ನಮ್ಮಲ್ಲಿ ಅಂಥವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿವೆ. ಇದು ನನಗೆ ಬಹಳ ಬೇಸರದ ಸಂಗತಿ.

2. ಹೆಸರು ನಂಬಿ ಕೊಳ್ಳಬೇಡಿ, ಅಳತೆ ಹಿಡಿದು ಕೊಳ್ಳಿ.

"ಟಿಲ್ಲರಿನದ್ದೇ, ನಿಮ್ಮದಕ್ಕೂ ಆಗ್ತದೆ" ಎಂದು ಮಾರುವವರು ಹೇಳುತ್ತಾರೆ. ಆಗುವುದಿಲ್ಲ. ಶಕ್ತಿಯ ರೋಟರಿ ಕ್ಯಾಮ್ಕೋದ ಗೇರ್ ಬಾಕ್ಸಿಗೆ ಕೂರುವುದಿಲ್ಲ. ಒಂದೇ ಕಂಪನಿಯ ಹಳೆ ಮತ್ತು ಹೊಸ ಮಾಡೆಲಿನ ನಡುವೆಯೂ ಬೋಲ್ಟಿನ ತೂತು ಸರಿಯಾಗಿ ಬೀಳುತ್ತದೆ ಎಂದು ಮೊದಲೇ ಹೇಳಲಾಗದು. ನೋಡಲು ಹೋಗುವಾಗ ವರ್ನಿಯರ್ ಕ್ಯಾಲಿಪರ್, ಒಂದು ರಟ್ಟಿನ ತುಂಡು ಇರಲಿ. ನಿಮ್ಮ ಟಿಲ್ಲರಿನ ಹಿಂಬದಿಯ ಬೋಲ್ಟುಗಳ ತೂತನ್ನು ರಟ್ಟಿನ ಮೇಲೆ ಒತ್ತಿ ತೆಗೆದುಕೊಂಡು ಹೋದರೆ ಅಲ್ಲೇ ಇಟ್ಟು ನೋಡಬಹುದು.

ಚಕ್ರದ ಆಕ್ಸಲ್ ಆರು ಮೂಲೆಯದಾದರೆ ಮೂಲೆಯಿಂದ ಮೂಲೆಗೆ ಅಳೆಯಬೇಡಿ. ಚಪ್ಪಟೆ ಬದಿಯಿಂದ ಎದುರಿನ ಚಪ್ಪಟೆ ಬದಿಗೆ ಅಳೆಯಿರಿ. ಮೂಲೆಗಳು ಸವೆದಿರುತ್ತವೆ, ಅಳತೆ ಕಡಿಮೆ ತೋರಿಸುತ್ತವೆ. ಕೆಸರಿಗೆ ಹಾಕುವ ಕಬ್ಬಿಣದ ಚಕ್ರ, ಅಂದರೆ ಕೇಜ್ ವೀಲಿನ ಹಬ್ಬನ್ನೂ ಹಾಗೆಯೇ ಒಳಗಿನಿಂದ ನೋಡಬೇಕು. ಅಲ್ಲಿ ಸಡಿಲಿದ್ದರೆ ಆಕ್ಸಲನ್ನೇ ತಿಂದುಹಾಕುತ್ತದೆ.

3. ಪುಲ್ಲಿಯ ಲೆಕ್ಕ ಗೊತ್ತಿಲ್ಲದೆ ಯಾವುದನ್ನೂ ಬೆಲ್ಟಿಗೆ ಹಾಕಬೇಡಿ.

ನಮ್ಮ ಭಾಗದಲ್ಲಿ ಹಳೆ ಟಿಲ್ಲರನ್ನು ಇಂದಿಗೂ ಬದುಕಿಸಿಟ್ಟಿರುವ ಜೋಡಣೆ ಯಾವುದೆಂದರೆ ಮದ್ದು ಬಿಡುವ ಪಂಪು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕೆಂದು ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಶತಮಾನದ ಹಿಂದೆಯೇ ತೋರಿಸಿಕೊಟ್ಟರು. ಆ ಮದ್ದನ್ನು ಅಡಿಕೆ ಗೊನೆಯ ಎತ್ತರಕ್ಕೆ ತಲುಪಿಸಲು ಬಹಳ ಕಾಲ ಕೈಯಿಂದ ಎಳೆದಾಡುವ ಗಟೋರ್ ಪಂಪೇ ಗತಿಯಾಗಿತ್ತು. ಟಿಲ್ಲರಿನ ಮುಂದೆ ಮೂರು ಪಿಸ್ಟನ್ನಿನ ಪಂಪು ಕೂರಿಸಿ ಬೆಲ್ಟು ಹಾಕಿದ ಮೇಲೆ ಪಂಪಿನ ಬುಡದಲ್ಲಿದ್ದ ಆಳುಗಳು ಬೇರೆ ಕೆಲಸಕ್ಕೆ ಸಿಕ್ಕಿದರು. ಟಿಲ್ಲರ್ ಮಾರ್ಗದ ಬದಿಯಲ್ಲಿ ನಿಲ್ಲುತ್ತದೆ, ಪೈಪು ತೋಟದೊಳಗೆ ಹೋಗುತ್ತದೆ.

ಲೆಕ್ಕ ಸುಲಭ. ಇಂಜಿನ್ನಿನ ಸುತ್ತನ್ನು ಇಂಜಿನ್ ಪುಲ್ಲಿಯ ವ್ಯಾಸದಿಂದ ಗುಣಿಸಿ, ಪಂಪಿನ ಪುಲ್ಲಿಯ ವ್ಯಾಸದಿಂದ ಭಾಗಿಸಿ. ಇಂಜಿನ್ ನಿಮಿಷಕ್ಕೆ 2000 ಸುತ್ತು, ಅದರ ಪುಲ್ಲಿ 4 ಇಂಚು, ಪಂಪಿನದ್ದು 10 ಇಂಚು ಎಂದಾದರೆ ಪಂಪು 800 ಸುತ್ತು ತಿರುಗುತ್ತದೆ. ಪಂಪಿನ ಮೈಮೇಲಿನ ತಗಡಿನಲ್ಲಿ ಎಷ್ಟು ಸುತ್ತು ತಾಳುತ್ತದೆ ಎಂದು ಕೆತ್ತಿರುತ್ತಾರೆ, ಅದನ್ನು ಮೀರಬೇಡಿ. ಪಂಪಿಗೆ ಕೈಗೆ ಸಿಕ್ಕಿದ ಸಣ್ಣ ಪುಲ್ಲಿ ಹಾಕಿ "ಪ್ರೆಶರ್ ಚೆನ್ನಾಗಿ ಬರ್ತದೆ" ಎಂದು ಸಂತೋಷಪಡುವವರ ಪಂಪಿನ ಪ್ಯಾಕಿಂಗ್ ಒಂದು ಮಳೆಗಾಲವೂ ಬಾಳುವುದಿಲ್ಲ. ಸುತ್ತು ಅಳೆಯುವ ಸಣ್ಣ ಟ್ಯಾಕೋಮೀಟರ್ ಈಗ ಕಡಿಮೆ ದುಡ್ಡಿಗೆ ಸಿಗುತ್ತದೆ. ಪುಲ್ಲಿಗೆ ಒಂದು ಹೊಳೆಯುವ ಪಟ್ಟಿ ಅಂಟಿಸಿ ಬೆಳಕು ಹಿಡಿದರೆ ಸಾಕು.

ಶೇಕಡಾ 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣದ ಹರಳು ಪಂಪಿನ ವಾಲ್ವಿನಲ್ಲಿ ಕೂತರೆ ಪ್ರೆಶರ್ ಬಿದ್ದುಹೋಗುತ್ತದೆ. ಜನ ಆಗ ಬೆಲ್ಟು ಬಿಗಿ ಮಾಡುತ್ತಾರೆ, ಇಂಜಿನ್ ಏರಿಸುತ್ತಾರೆ. ಮೊದಲು ಜಾಳಿಗೆ ತೆಗೆದು ನೋಡಿ, ಆಮೇಲೆ ವಾಲ್ವು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಕೆಲಸ ಮುಗಿದ ದಿನವೇ, ಎಷ್ಟೇ ಹೊತ್ತಾಗಿರಲಿ, ಪೈಪಿನ ತುದಿಯಲ್ಲಿ ತಿಳಿನೀರು ಬರುವ ತನಕ ಪಂಪು ಓಡಿಸಿ. ಮೊದಲ ಮದ್ದಿನಿಂದ ಎರಡನೆಯದಕ್ಕೆ 40-45 ದಿನದ ಅಂತರ ಇರುತ್ತದೆ; ಅಷ್ಟು ದಿನ ಒಳಗೆ ಮದ್ದು ಒಣಗಿ ಕೂತ ಪಂಪನ್ನು ಬಿಚ್ಚುವುದು ಎಷ್ಟು ಕಷ್ಟ ಎಂಬುದು ಬಿಚ್ಚಿದವನಿಗೆ ಗೊತ್ತು.

4. ಬೆಲ್ಟಿಗೆ ಮುಚ್ಚಳ ಇಲ್ಲದಿದ್ದರೆ ಇಂಜಿನ್ ಹ್ಯಾಂಡಲ್ ಹಾಕಬೇಡಿ.

ನಮ್ಮವರು ಹೆಗಲಿಗೆ ಬೈರಾಸು ಹಾಕಿ, ಸೊಂಟಕ್ಕೆ ಮುಂಡು ಉಟ್ಟು ಕೆಲಸ ಮಾಡುವವರು; ಬಟ್ಟೆಯ ತುದಿ ಬೆಲ್ಟಿಗೆ ಸಿಕ್ಕಿದರೆ ಆಳನ್ನೇ ಎಳೆದುಕೊಳ್ಳುತ್ತದೆ. ಮನೆಯಲ್ಲೇ ಮಾಡಿಕೊಂಡ ಜೋಡಣೆಗಳಲ್ಲಿ ಮೊದಲು ಬಿಟ್ಟುಹೋಗುವುದು ಈ ಮುಚ್ಚಳ. ತಗಡು, ನಾಲ್ಕು ಬೋಲ್ಟು, ಅರ್ಧ ಗಂಟೆಯ ಕೆಲಸ.

5. ಕೇಜ್ ವೀಲು ಎಲ್ಲ ಒಂದೇ ಅಲ್ಲ.

ಟಯರು ಬಿಚ್ಚಿ ಅದರ ಜಾಗಕ್ಕೆ ಹಾಕುವುದು ಒಂದು ಜಾತಿ, ಟಯರಿನ ಹೊರಬದಿಗೆ ಸೇರಿಸಿ ಹಾಕುವುದು ಇನ್ನೊಂದು. ಬೈಲು ಗದ್ದೆಯ ಆಳದ ಕೆಸರಿಗೆ ಮೊದಲಿನದು ಬೇಕು. ಮಜಲು ಗದ್ದೆಗೆ ಎರಡನೆಯದು ಸಾಕು, ಹುಣಿ ದಾಟಿಸಲೂ ಸುಲಭ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುತ್ತಿದ್ದ ಮನೆಗಳಲ್ಲಿ ಎರಡೂ ಜೊತೆ ಇರುತ್ತಿತ್ತು. ಈಗ ಗದ್ದೆ ಇಟ್ಟುಕೊಂಡವರು ಕಡಿಮೆ. ಇಟ್ಟುಕೊಂಡವರಿಗೆ ಒಳ್ಳೆಯ ಜೋಡಿ ಸಿಗುವುದಿಲ್ಲ. ಒಂದು ಮನೆಯ ಗುಜರಿ ಇನ್ನೊಂದು ಮನೆಯ ಅಗತ್ಯ, ನಡುವೆ ಎರಡು ಗುಡ್ಡ ಮಾತ್ರ.

ಹಳೆ ಕೇಜ್ ವೀಲು ಕೊಳ್ಳುವಾಗ ನೆಲಕ್ಕೆ ಉರುಳಿಸಿ ನೋಡಿ. ವಾಲಿಕೊಂಡು ಹೋದರೆ ಬಳೆ ಬಾಗಿದೆ.

6. ಕಟಾವಿನ ಯಂತ್ರ ಸಿಕ್ಕಿದರೆ ಬಿಡಬೇಡಿ.

ನನ್ನ ಕೈಗೆ ಬಂದವುಗಳಲ್ಲಿ ಅತ್ಯಂತ ಅಪರೂಪದ್ದು ಇದು. ಟಿಲ್ಲರಿನ ಮುಂದೆ ಕಟ್ಟುವ ಭತ್ತ ಕೊಯ್ಯುವ ಯಂತ್ರ. ಈ ವಿನ್ಯಾಸ 1980ರ ದಶಕದಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಮತ್ತು ಚೀನಾದ ತಂತ್ರಜ್ಞರ ಸಹಯೋಗದಿಂದ ಏಷ್ಯಾದಲ್ಲೆಲ್ಲ ಹರಡಿತು. ವೀರಕಂಭದ ಕಡೆಯ ಒಂದು ಅಟ್ಟದಲ್ಲಿ ಇದ್ದದ್ದನ್ನು ಇಳಿಸಿ ಅಂಗಳದಲ್ಲಿ ಇಟ್ಟಾಗ ಮನೆಯ ಹುಡುಗರು "ಇದೆಂತ ಮಾಮ?" ಎಂದು ಕೇಳಿದರು.

ಕೆಳಗೆ ನೆಲಕ್ಕೆ ಸಮನಾಗಿ ಕತ್ತಿಯ ಸಾಲು, ಅತ್ತಿತ್ತ ಓಡುವಂಥದ್ದು. ಅದರ ಮುಂದೆ ಚೂಪು ಮೂತಿಯ ತಗಡುಗಳು ಪೈರನ್ನು ಸಾಲು ಸಾಲಾಗಿ ಬೇರೆ ಮಾಡುತ್ತವೆ. ಪ್ರತಿ ಮೂತಿಯ ಮೇಲೆ ನಕ್ಷತ್ರದಾಕಾರದ ಚಕ್ರ; ಅದಕ್ಕೆ ಸ್ವಂತ ಶಕ್ತಿ ಇಲ್ಲ, ಹಿಂದಿನ ಬೆಲ್ಟಿನ ಹಲ್ಲು ತಾಗಿ ತಿರುಗುತ್ತದೆ. ಕೊಯ್ದ ಪೈರು ನಿಂತ ಹಾಗೆಯೇ ಬೆಲ್ಟಿಗೆ ಒರಗಿ ಬದಿಗೆ ಸಾಗಿ, ತೆನೆಯೆಲ್ಲ ಒಂದೇ ಕಡೆ ತಿರುಗಿ ಸಾಲಾಗಿ ಬೀಳುತ್ತದೆ. ಕಟ್ಟು ಕಟ್ಟಲು ಅಷ್ಟು ಅನುಕೂಲ. ಬೈಹುಲ್ಲು ಮುರಿಯುವುದಿಲ್ಲ, ಹಟ್ಟಿಯಲ್ಲಿ ದನ ಇರುವವರಿಗೆ ಇದು ದೊಡ್ಡ ವಿಷಯ. ದೊಡ್ಡ ಕಟಾವು ಯಂತ್ರ ಬಂದ ಗದ್ದೆಯಲ್ಲಿ ಹುಲ್ಲಿನ ಗತಿ ಏನಾಗುತ್ತದೆ ಎಂದು ಎಲ್ಲರೂ ನೋಡಿದ್ದಾರೆ.

ನಮ್ಮಲ್ಲಿ ಇದು ಏಕೆ ಊರಲಿಲ್ಲ ಎಂಬುದಕ್ಕೂ ಕಾರಣ ಇದೆ. ಏಣೆಲಿನ ಕೊಯ್ಲಿಗೆ ಮಳೆ ಪೂರ್ತಿ ಬಿಟ್ಟಿರುವುದಿಲ್ಲ, ಉದ್ದ ತಳಿಗಳ ಪೈರು ಮಲಗಿರುತ್ತದೆ. ಮಲಗಿದ ಪೈರನ್ನು ಈ ಯಂತ್ರ ಎತ್ತಿ ಕೊಯ್ಯಲಾರದು. ಸುಗ್ಗಿಯ ಒಣ ಗದ್ದೆಗೆ, ನೇರ ನಿಂತ ಗಿಡ್ಡ ತಳಿಗೆ ಇದಕ್ಕಿಂತ ಒಳ್ಳೆಯದು ಸಣ್ಣ ಹಿಡುವಳಿಯಲ್ಲಿ ಇಲ್ಲ ಎಂಬುದು ನನ್ನ ತೀರ್ಮಾನ. ಕೊಳ್ಳುವಾಗ ಹಲ್ಲಿನ ಬೆಲ್ಟು ಬಿರುಕು ಬಿಟ್ಟಿದೆಯೇ, ನಕ್ಷತ್ರ ಚಕ್ರಗಳೆಲ್ಲ ಇವೆಯೇ ನೋಡಿ. ಕತ್ತಿಯನ್ನು ಮಾಡಿಸಬಹುದು, ಆ ಬೆಲ್ಟನ್ನು ಮಾಡಿಸುವುದು ಕಷ್ಟ.

7. ಅಡಿಕೆ ತೋಟದೊಳಗೆ ರೋಟರಿ ಇಳಿಸುವ ಮೊದಲು ಎರಡು ಸಲ ಯೋಚಿಸಿ.

ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ ಒಂಬತ್ತು ಅಡಿ. ಟಿಲ್ಲರ್ ನುಸುಳುತ್ತದೆ ನಿಜ. ತಿರುಗಿಸಲು ಜಾಗ ಬೇಕು, ಕಣಿ ದಾಟಲು ಗಟ್ಟಿ ಸಂಕ ಬೇಕು. ಅಡಿಕೆಯ ಬೇರು ಮೇಲ್ಪದರದಲ್ಲೇ ಇರುತ್ತದೆ, ಆಳದ ರೋಟರಿ ಅದನ್ನು ಕತ್ತರಿಸುತ್ತದೆ. ಹೊಸ ತೋಟಕ್ಕೆ ಗಿಡ ಇಡುವ ಮೊದಲು ಬೇಕಾದಷ್ಟು ಉತ್ತುಕೊಳ್ಳಿ. ರೋಟರಿಯಲ್ಲಿ ಎಡದ ಬ್ಲೇಡು, ಬಲದ ಬ್ಲೇಡು ಬೇರೆ ಬೇರೆ. ಬದಲಿಸುವಾಗ ಒಂದನ್ನು ಬಿಚ್ಚಿ ಅದರ ಜಾಗಕ್ಕೆ ಹೊಸತು ಹಾಕಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ರಾಶಿ ಹಾಕಿದರೆ ಜೋಡಿಸುವ ಕ್ರಮ ತಪ್ಪಿ ಯಂತ್ರ ಒಂದು ಬದಿಗೆ ಎಳೆಯುತ್ತದೆ.

8. ಟ್ರೈಲರ್ ಕಟ್ಟಿ ಇಳಿಜಾರು ಇಳಿಯುವಾಗ ಸ್ಟಿಯರಿಂಗ್ ಕ್ಲಚ್ ಉಲ್ಟಾ ಕೆಲಸ ಮಾಡುತ್ತದೆ.

ಇದನ್ನು ಹೊಸಬರಿಗೆಲ್ಲ ನಾನು ಒತ್ತಿ ಹೇಳುತ್ತೇನೆ, ಜೀವದ ಪ್ರಶ್ನೆ. ಸಮತಟ್ಟಿನಲ್ಲಿ ಎಡಗೈಯ ಸ್ಟಿಯರಿಂಗ್ ಕ್ಲಚ್ ಹಿಡಿದರೆ ಎಡಚಕ್ರಕ್ಕೆ ಶಕ್ತಿ ನಿಂತು ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನ ಭಾರ ದೂಡುತ್ತಿರುವಾಗ ಇಂಜಿನ್ನೇ ಚಕ್ರಗಳನ್ನು ತಡೆದು ಹಿಡಿದಿರುತ್ತದೆ. ಆಗ ಎಡದ ಕ್ಲಚ್ ಹಿಡಿದರೆ ಎಡಚಕ್ರ ತಡೆ ಇಲ್ಲದೆ ಓಡಿ ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಗುಡ್ಡದ ದಾರಿಯಲ್ಲಿ, ಒಂದು ಬದಿ ಬರೆ, ಇನ್ನೊಂದು ಬದಿ ತೋಡು ಇರುವಲ್ಲಿ ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇಳಿಯುವ ಮೊದಲೇ ಸಣ್ಣ ಗೇರಿಗೆ ಹಾಕಿ, ಕ್ಲಚ್ ಮುಟ್ಟದೆ ಹ್ಯಾಂಡಲಿನ ಬಲದಿಂದಲೇ ತಿರುಗಿಸಿ. ಟ್ರೈಲರಿನಲ್ಲಿ ಜನರನ್ನು ಕೂರಿಸಬೇಡಿ. ಕಲ್ಲಡ್ಕದ ಹೆದ್ದಾರಿಗೆ ಟಿಲ್ಲರ್ ಹತ್ತಿಸುವ ಕಾಲ ಮುಗಿಯಿತು. ಒಳರಸ್ತೆ ಇದ್ದರೆ ಅದನ್ನೇ ಹಿಡಿಯಿರಿ.

9. ಬೀಡು ಕಬ್ಬಿಣಕ್ಕೆ ಸಾದಾ ವೆಲ್ಡಿಂಗ್ ಹೊಡೆಯಬೇಡಿ.

ಹಳೆ ಜೋಡಣೆಗಳ ಬ್ರಾಕೆಟ್ಟು, ಹೌಸಿಂಗು ಹೆಚ್ಚಾಗಿ ಬೀಡು. ಸಾದಾ ರಾಡಿನಲ್ಲಿ ಬೆಸೆದರೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ನಿಕ್ಕಲ್ ರಾಡು ಬಳಸಿ, ಇಲ್ಲವೇ ಹಿತ್ತಾಳೆಯಿಂದ ಬೆಸೆಯಿರಿ. ಮೊದಲು ಇಡೀ ತುಂಡನ್ನು ಬಿಸಿ ಮಾಡಿ, ಆಮೇಲೆ ಬೂದಿಯಲ್ಲಿ ಹೂತು ನಿಧಾನ ತಣಿಯಲು ಬಿಡಿ. ಅವಸರದಲ್ಲಿ ನೀರು ಸುರಿದವರ ಬ್ರಾಕೆಟ್ಟು ಎರಡು ತುಂಡಾಗಿ ನನ್ನ ಬಳಿ ಬರುತ್ತದೆ.

10. ಇಲ್ಲಿ ಮಳೆಯೇ ಮೊದಲ ಶತ್ರು.

ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ನೆಲದ ಮೇಲೆ ಇಟ್ಟ ಕಬ್ಬಿಣ ಉಳಿಯುವುದಿಲ್ಲ. ಗೋಡೆಗೆ ಗೂಟ ಹೊಡೆದು ತೂಗು ಹಾಕಿ, ಕರಿ ಆಯಿಲು ಬಳಿಯಿರಿ, ಬೇರಿಂಗಿಗೆ ಗ್ರೀಸ್ ತುಂಬಿ. ಕೆಸರಿನಲ್ಲಿ ಓಡಿದ ರೋಟರಿಯ ಆಯಿಲನ್ನು ಒಂದು ಗಾಜಿನ ಲೋಟಕ್ಕೆ ಇಳಿಸಿ ರಾತ್ರಿಯಿಡೀ ಇಡಿ. ಕಲ್ಲಡ್ಕದ ಕೆ.ಟಿ. ಎಂಬ ಚಹಾದ ಹಾಗೆ ಎರಡು ಪದರವಾಗಿ ನಿಂತರೆ ಅಡಿಯಲ್ಲಿರುವುದು ನೀರು, ಸೀಲು ಹೋಗಿದೆ. ಅದನ್ನು ಬದಲಿಸದೆ ಮುಂದಿನ ಮಳೆಗಾಲಕ್ಕೆ ಇಡಬೇಡಿ.

11. ಗುಂಡಿ ತೋಡುವ ಅಗರು, ಜನರೇಟರು: ಸ್ಥಳ ನೋಡಿ ಕೊಳ್ಳಿ.

ಅಗರು ಮೆದು ಮಣ್ಣಿನಲ್ಲಿ ಚೆನ್ನ. ನಮ್ಮ ಮುರಕಲ್ಲಿನಲ್ಲಿ ಸಿಕ್ಕಿಹಾಕಿಕೊಂಡು ಹ್ಯಾಂಡಲ್ ಕೈಗೆ ಹೊಡೆಯುತ್ತದೆ, ನಾನು ಶಿಫಾರಸು ಮಾಡುವುದಿಲ್ಲ. ಜನರೇಟರು ಕೂರಿಸುವುದಾದರೆ ನಾಲ್ಕು ಪೋಲಿನದ್ದು ನಿಮಿಷಕ್ಕೆ 1500 ಸುತ್ತು ತಿರುಗಿದರೆ ಮಾತ್ರ 50 ಹರ್ಟ್ಸ್ ಸಿಗುತ್ತದೆ. ಮೂರನೆಯ ಪಾಠದ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

12. ಚೀಟಿ ಕಟ್ಟಿಡಿ.

ಬಂಟ್ವಾಳದ ನೆಲ ಯಂತ್ರ ಕಟ್ಟುವವರ ನೆಲ. ಅಡಿಕೆ ಮರ ಏರುವ ಬೈಕ್ ಮಾಡಿ 2019ರಲ್ಲಿ ದೇಶದ ಗಮನ ಸೆಳೆದ ಗಣಪತಿ ಭಟ್ಟರು ಇಲ್ಲೇ ಸಜೀಪಮೂಡದವರು. 2023ರ ಫೆಬ್ರವರಿಯಲ್ಲಿ ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದಂಥ ಯಂತ್ರಮೇಳಗಳಿಗೆ ಜನ ಮುಗಿಬೀಳುತ್ತಾರೆ. ಅಂಥ ಮೇಳಗಳಲ್ಲಿ ಹಳೆ ಜೋಡಣೆಗಳನ್ನು ಕೊಡುವವರು, ಹುಡುಕುವವರು ಭೇಟಿಯಾಗಲು ಒಂದು ಮಳಿಗೆ ಇಡಬೇಕು ಎಂಬುದು ಮೇಳ ನಡೆಸುವವರಲ್ಲಿ ನನ್ನ ಕೋರಿಕೆ.

ಮನೆಯಲ್ಲಿರುವವರಲ್ಲಿ ಇನ್ನೊಂದು ಕೋರಿಕೆ. ಕೊಟ್ಟಿಗೆಯ ಹಿಂದೆ ಇರುವ ಪ್ರತಿಯೊಂದು ಜೋಡಣೆಗೂ ಒಂದು ತಗಡಿನ ಚೀಟಿ ಕಟ್ಟಿ. ಯಾವ ಕಂಪನಿಯ ಯಾವ ಟಿಲ್ಲರಿನದ್ದು, ಯಾವ ಕೆಲಸಕ್ಕೆ ಎಂದು ಅದರಲ್ಲಿ ಕೊರೆದಿಡಿ. ಅದರ ಪಿನ್ನು, ಬೋಲ್ಟುಗಳನ್ನು ಒಂದು ಡಬ್ಬಿಗೆ ಹಾಕಿ ಅದಕ್ಕೇ ಬಿಗಿಯಿರಿ. ಕೊಡಲೇಬೇಕೆಂದಿದ್ದರೆ ಗುಜರಿಯವರನ್ನು ಕರೆಯುವ ಮೊದಲು ಹತ್ತಿರದ ಟಿಲ್ಲರ್ ಮೆಕ್ಯಾನಿಕ್‌ಗೆ ಒಂದು ಫೋನ್ ಮಾಡಿ. ಅದನ್ನು ಹುಡುಕುತ್ತಿರುವವರು ಯಾರೆಂದು ಅವರಿಗೆ ಗೊತ್ತಿರುತ್ತದೆ.