ಹಾಟ್ ರಾಡಿನ ಬ್ರೇಕು: ಡ್ಯಾಷಿನ ಕೆಳಗೆ ಮಾಸ್ಟರ್ ಸಿಲಿಂಡರು

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಸರೋವರಗಳಿವೆ. ಅವುಗಳ ತಳವು ಮೈಲಿಗಟ್ಟಲೆ ಸಪಾಟಾಗಿರುವ ಗಟ್ಟಿ ನೆಲ. 1930ರ ದಶಕದಲ್ಲಿ ಅಲ್ಲಿಯ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಅಗ್ಗವಾಗಿ ಕೊಂಡು, ಬೇಡದ ಭಾಗಗಳನ್ನು ಕಳಚಿ ತೂಕವನ್ನು ತಗ್ಗಿಸಿ, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, ಈ ನೆಲದ ಮೇಲೆ ವೇಗದ ಪರೀಕ್ಷೆ ನಡೆಸುತ್ತಿದ್ದರು. ಇದಕ್ಕೆಂದೇ 1937ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವೂ ಹುಟ್ಟಿತು. ಇಂಥ ಕಾರುಗಳಿಗೆ 'ಹಾಟ್ ರಾಡ್' ಎಂಬ ಹೆಸರು ರೂಢಿಗೆ ಬಂದಿತು. ಇಂದಿಗೂ ಅಲ್ಲಿ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಇವನ್ನು ಕಟ್ಟುತ್ತಿದ್ದಾರೆ.

ಹಾಟ್ ರಾಡಿಗೆ ಬಹುವಾಗಿ ಆರಿಸಿಕೊಳ್ಳುವ ಕಾರೆಂದರೆ 1932ರ ಫೋರ್ಡ್. ಅದರ ಎಂಟು ಸಿಲಿಂಡರಿನ ಮೂಲ ಎಂಜಿನ್ನಿನ ಶಕ್ತಿ 65 ಅಶ್ವಶಕ್ತಿ. ಬ್ರೇಕುಗಳು ಯಾಂತ್ರಿಕ ಬಗೆಯವು. ಎಂದರೆ ಪೆಡಲಿನಿಂದ ಚಕ್ರದವರೆಗೂ ಉಕ್ಕಿನ ಸರಳುಗಳೇ ಎಳೆತವನ್ನು ಸಾಗಿಸುತ್ತಿದ್ದವು. ಫೋರ್ಡ್ ಕಂಪೆನಿಯು ದ್ರವದ ಬ್ರೇಕನ್ನು ಅಳವಡಿಸಿಕೊಂಡದ್ದು 1939ರ ಮಾದರಿಯಲ್ಲಿ. ಇಂಥ ಹಳೆಯ ಕಾರಿಗೆ ಮುನ್ನೂರು ಅಶ್ವಶಕ್ತಿಯ ಎಂಜಿನ್ನನ್ನು ಕೂಡಿಸಿದರೆ ಏನಾಗುತ್ತದೆ? ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ನಾವು ಬಲ್ಲೆವು. ವೇಗವು ಇಮ್ಮಡಿಯಾದರೆ ಬ್ರೇಕು ಶಾಖವಾಗಿ ಮಾರ್ಪಡಿಸಬೇಕಾದ ಶಕ್ತಿಯು ನಾಲ್ಮಡಿಯಾಗುತ್ತದೆ. ಆದುದರಿಂದ ಎಂಜಿನ್ನನ್ನು ಬದಲಾಯಿಸುವವನು ಬ್ರೇಕನ್ನೂ ಬದಲಾಯಿಸಲೇಬೇಕು. ಈ ಕೆಲಸದ ಒಂದು ಭಾಗವನ್ನು, ಎಂದರೆ ಮಾಸ್ಟರ್ ಸಿಲಿಂಡರನ್ನು ಡ್ಯಾಷ್ ಹಲಗೆಯ ಕೆಳಗೆ ಕೂಡಿಸುವುದನ್ನು, ಇಲ್ಲಿ ಪರಿಶೀಲಿಸೋಣ. ಪ್ರೌಢಶಾಲೆಯಲ್ಲಿ ಕಲಿಯುವ ಸನ್ನೆ, ಪ್ಯಾಸ್ಕಲನ ನಿಯಮ, ಬಾಯ್ಲನ ನಿಯಮ, ಈ ಮೂರೂ ಇಲ್ಲಿ ಒಂದೇ ಕಡೆ ಕೂಡಿಬರುತ್ತವೆ.

ದ್ರವದ ಬ್ರೇಕಿನ ತತ್ತ್ವ

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಒಂದೆಡೆ ಒತ್ತಡ ಹಾಕಿದರೆ, ಅದು ಕುಂದದೆ ಎಲ್ಲ ದಿಕ್ಕುಗಳಿಗೂ ಹರಡುತ್ತದೆ. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲನು ಇದನ್ನು ನಿರೂಪಿಸಿದ ಗ್ರಂಥವು ಅವನು ಕಾಲವಾದ ಮರುವರ್ಷ, 1663ರಲ್ಲಿ ಅಚ್ಚಾಯಿತು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ಇದೇ ತತ್ತ್ವದ ಮೇಲೆ ದ್ರವದ ಒತ್ತುಯಂತ್ರಕ್ಕೆ ಪೇಟೆಂಟು ಪಡೆದನು. ಮೋಟಾರು ಬಂಡಿಯಲ್ಲಿ ಇದರ ಹಿರಿಮೆ ಜನರ ಕಣ್ಣಿಗೆ ಬಿದ್ದದ್ದು 1921ರಲ್ಲಿ. ಆ ವರ್ಷದ ಫ್ರೆಂಚ್ ಗ್ರಾಂಪ್ರೀ ಪಂದ್ಯವನ್ನು ಗೆದ್ದ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ದ್ರವದ ಬ್ರೇಕುಗಳಿದ್ದವು.

ಚಾಲಕನು ಪೆಡಲನ್ನು ತುಳಿದಾಗ ಒಂದು ತಳ್ಳುಗೋಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ನೂಕುತ್ತದೆ. ದ್ರವದ ಒತ್ತಡವು ಉಕ್ಕಿನ ಸಣ್ಣ ಕೊಳವೆಗಳ ಮೂಲಕ ನಾಲ್ಕೂ ಚಕ್ರಗಳನ್ನು ಸೇರಿ, ಅಲ್ಲಿಯ ಪಿಸ್ಟನ್ನುಗಳನ್ನು ದೂಡಿ, ಬ್ರೇಕಿನ ಒತ್ತುಹಲಗೆಗಳನ್ನು ಡ್ರಮ್ಮಿಗೋ ಡಿಸ್ಕಿಗೋ ಅದುಮುತ್ತದೆ. ಸರಳುಗಳ ಬ್ರೇಕಿನಲ್ಲಿ ಒಂದು ಚಕ್ರಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಎಳೆತ ಬೀಳುವುದುಂಟು. ದ್ರವಕ್ಕೆ ಆ ಪಕ್ಷಪಾತವಿಲ್ಲ.

ಡ್ಯಾಷಿನ ಕೆಳಗೇ ಏಕೆ?

ಮಾಸ್ಟರ್ ಸಿಲಿಂಡರನ್ನು ಮೂರು ಕಡೆ ಕೂಡಿಸಬಹುದು. ಮೊದಲನೆಯದು ಕಾರಿನ ನೆಲದ ಕೆಳಗೆ, ಚೌಕಟ್ಟಿನ ಮಗ್ಗುಲಲ್ಲಿ. ಅಲ್ಲಿ ಹೊಗೆಕೊಳವೆಯ ಕಾವು ತಗಲುತ್ತದೆ, ಧೂಳು ಮೆತ್ತುತ್ತದೆ, ದ್ರವದ ಮಟ್ಟವನ್ನು ನೋಡಲು ನೆಲದ ಹಲಗೆಯನ್ನು ತೆಗೆಯಬೇಕಾಗುತ್ತದೆ. ಎರಡನೆಯದು ಎಂಜಿನ್ನಿಗೂ ಚಾಲಕನಿಗೂ ನಡುವಣ ತಗಡಿನ ಅಡ್ಡಗೋಡೆಯ ಮುಂಬದಿ. ಹಾಟ್ ರಾಡಿನಲ್ಲಿ ದೊಡ್ಡ ಎಂಜಿನ್ನು ಆ ಜಾಗವನ್ನೆಲ್ಲ ಕಬಳಿಸಿರುತ್ತದೆ. ಮೇಲಾಗಿ ಆ ಗೋಡೆಯು ನುಣುಪಾಗಿ ಕಾಣಬೇಕೆಂಬ ಆಸೆ ಹವ್ಯಾಸಿಗೆ ಇರುತ್ತದೆ. ಉಳಿದದ್ದು ಮೂರನೆಯ ಸ್ಥಾನ: ಅಡ್ಡಗೋಡೆಯ ಹಿಂಬದಿಯಲ್ಲಿ, ಡ್ಯಾಷಿನ ಕೆಳಗಿನ ಇಕ್ಕಟ್ಟಾದ ಎಡೆ. ಪೆಡಲು ಅಲ್ಲಿಂದ ಕೆಳಕ್ಕೆ ತೂಗಾಡುತ್ತದೆ.

ಸನ್ನೆಯ ಲೆಕ್ಕ

ಪೆಡಲೆಂಬುದು ಒಂದು ಸನ್ನೆ. ಕಾಲಿಡುವ ಮೆಟ್ಟು ಆಧಾರ ಬಿಂದುವಿನಿಂದ 30 ಸೆಂಟಿಮೀಟರ್ ಕೆಳಗಿದ್ದು, ತಳ್ಳುಗೋಲು ಅದೇ ಬಿಂದುವಿನಿಂದ 5 ಸೆಂಟಿಮೀಟರ್ ದೂರದಲ್ಲಿ ತಗಲಿದೆ ಎನ್ನೋಣ. ಆಗ ಸನ್ನೆಯ ಅನುಪಾತ 6. ಡ್ಯಾಷಿನ ಕೆಳಗೆ ನಿರ್ವಾತದಿಂದ ನೆರವಾಗುವ ಬೂಸ್ಟರಿಗೆ ಸಾಮಾನ್ಯವಾಗಿ ಜಾಗವಿರುವುದಿಲ್ಲ. ಕಾಲಿನ ಬಲವೊಂದೇ ಆಧಾರವಾದುದರಿಂದ ಸುಮಾರು 6ರ ಅನುಪಾತವನ್ನು ಆರಿಸುತ್ತಾರೆ.

ತಳ್ಳುಗೋಲನ್ನು ಎರಡು ರೀತಿಯಲ್ಲಿ ತಗಲಿಸಬಹುದು. ಆಧಾರ ಬಿಂದುವಿಗಿಂತ ಕೆಳಗೆ ತಗಲಿಸಿದರೆ, ಅದು ನಮ್ಮ ಅಡಕತ್ತರಿಯಂತೆ ಎರಡನೆಯ ವರ್ಗದ ಸನ್ನೆ. ಗೋಲು ಮುಂದಕ್ಕೆ ಚಲಿಸುತ್ತದೆ, ಸಿಲಿಂಡರು ಅಡ್ಡಗೋಡೆಯ ಕಡೆಗಿರುತ್ತದೆ. ಪೆಡಲಿನ ತೋಳನ್ನು ಆಧಾರ ಬಿಂದುವಿನಿಂದ ಮೇಲಕ್ಕೂ ಬೆಳೆಸಿ ಅಲ್ಲಿ ತಗಲಿಸಿದರೆ, ಅದು ಬಾವಿಯ ಏತದಂತೆ ಮೊದಲನೆಯ ವರ್ಗದ ಸನ್ನೆ. ಕಾಲು ಮುಂದಕ್ಕೆ ತುಳಿದರೆ ಗೋಲು ಹಿಂದಕ್ಕೆ ಚಲಿಸುತ್ತದೆ, ಸಿಲಿಂಡರು ಚಾಲಕನ ಕಡೆಗೆ ಮುಖ ತಿರುಗಿಸಿ ಡ್ಯಾಷಿನ ಅಡಿಯಲ್ಲಿ ಅಡಗುತ್ತದೆ. ಜಾಗವನ್ನು ನೋಡಿ ಇವೆರಡರಲ್ಲಿ ಒಂದನ್ನು ಆರಿಸಬೇಕು.

ಈಗ ಬಲಗಳನ್ನು ಎಣಿಸೋಣ. ಅಪಾಯದ ಗಳಿಗೆಯಲ್ಲಿ ಚಾಲಕನು 70 ಕಿಲೋಗ್ರಾಂ ತೂಕದಷ್ಟು ಬಲದಿಂದ ತುಳಿದನೆನ್ನೋಣ. ತಳ್ಳುಗೋಲಿನ ಮೇಲೆ ಇದರ ಆರು ಪಟ್ಟು, ಎಂದರೆ 420 ಕಿಲೋಗ್ರಾಂ. ಆಧಾರ ಬಿಂದುವಿನ ಮೇಲೆ ಎಷ್ಟು? ಎರಡನೆಯ ವರ್ಗದಲ್ಲಿ ಕಾಲಿನ ಬಲವೂ ಗೋಲಿನ ಪ್ರತಿಬಲವೂ ಎದುರು ಬದುರಾಗಿರುವುದರಿಂದ 420ರಲ್ಲಿ 70 ಕಳೆದು 350 ಕಿಲೋಗ್ರಾಂ, ಹಿಂದಕ್ಕೆ. ಮೊದಲನೆಯ ವರ್ಗದಲ್ಲಿ ಎರಡೂ ಒಂದೇ ಕಡೆಗೆ ನೂಕುವುದರಿಂದ 490 ಕಿಲೋಗ್ರಾಂ, ಮುಂದಕ್ಕೆ. ಹೆಚ್ಚು ಕಡಿಮೆ ಅರ್ಧ ಟನ್ನು!

ಇಲ್ಲಿಯೇ ಕೆಲಸದ ಮರ್ಮವಿದೆ. ಸಿಲಿಂಡರನ್ನು ತಗಡಿನ ಅಡ್ಡಗೋಡೆಗೂ ಪೆಡಲಿನ ಅಚ್ಚನ್ನು ಡ್ಯಾಷಿಗೂ ಬೇರೆಬೇರೆಯಾಗಿ ಬಿಗಿದರೆ, ಎರಡನೆಯ ವರ್ಗದ ಸನ್ನೆಯಲ್ಲಿ ಗೋಡೆಯನ್ನು 420 ಕಿಲೋಗ್ರಾಂ ಮುಂದಕ್ಕೆ ನೂಕುತ್ತದೆ, ಡ್ಯಾಷನ್ನು 350 ಕಿಲೋಗ್ರಾಂ ಹಿಂದಕ್ಕೆ ತಳ್ಳುತ್ತದೆ. ಹಳೆಯ ಕಾರಿನ ತೆಳು ತಗಡು ಇದನ್ನು ತಾಳಲಾರದೆ ಬಳುಕುತ್ತದೆ. ಗೋಡೆಯು ಕೇವಲ 2 ಮಿಲಿಮೀಟರ್ ಬಳುಕಿದರೂ ಪೆಡಲು 12 ಮಿಲಿಮೀಟರ್ ವ್ಯರ್ಥವಾಗಿ ಇಳಿಯುತ್ತದೆ. ಪದೇಪದೇ ಬಳುಕಿದ ತಗಡು ಒಂದು ದಿನ ಸೀಳುತ್ತದೆ. ಆದರೆ ಸಿಲಿಂಡರನ್ನೂ ಅಚ್ಚನ್ನೂ ದಪ್ಪ ಉಕ್ಕಿನ ಒಂದೇ ಬ್ರಾಕೆಟ್ಟಿಗೆ ಬಿಗಿದರೆ, ಈ ಎರಡು ದೊಡ್ಡ ಬಲಗಳೂ ಬ್ರಾಕೆಟ್ಟಿನೊಳಗೇ ಒಂದನ್ನೊಂದು ಸರಿದೂಗಿಸಿಕೊಳ್ಳುತ್ತವೆ. ನ್ಯೂಟನ್ನನ ಮೂರನೆಯ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಕಾರಿನ ಮೈಗೆ ತಲಪುವ ನಿವ್ವಳ ಬಲವು ಕಾಲಿನ 70 ಕಿಲೋಗ್ರಾಂ ಮಾತ್ರ.

ಆದರೂ ಈ 70 ಕಿಲೋಗ್ರಾಂ ಬಲವು ಆಧಾರ ಬಿಂದುವಿನಿಂದ 30 ಸೆಂಟಿಮೀಟರ್ ಕೆಳಗೆ ಬೀಳುವುದರಿಂದ ಬ್ರಾಕೆಟ್ಟನ್ನು ತಿರುಚಲು ಯತ್ನಿಸುತ್ತದೆ; ಅದರ ಮೇಲಂಚನ್ನು ಗೋಡೆಯಿಂದ ಕೀಳಲು ನೋಡುತ್ತದೆ. ಇದಕ್ಕೆಂದೇ ಗೋಡೆಯ ಮುಂಬದಿಯಲ್ಲಿ ಅಗಲವಾದ ಉಕ್ಕಿನ ಪಟ್ಟಿಯನ್ನು ಆನಿಸಿ ಬೋಲ್ಟು ಹಾಕಬೇಕು. ಬ್ರಾಕೆಟ್ಟಿನ ಹಿಂತುದಿಯಿಂದ ಡ್ಯಾಷಿನ ಹಿಂದಿರುವ ಗಟ್ಟಿ ಚೌಕಟ್ಟಿಗೆ ಒಂದು ಊರೆಯನ್ನು ಕೊಡಬೇಕು.

ಸಿಲಿಂಡರಿನ ವ್ಯಾಸ

ಸಾಧಾರಣ ನಿಲುಗಡೆಗೆ ಕಾಲಿನ ಬಲ 30 ಕಿಲೋಗ್ರಾಂ ಇರಲಿ. ತಳ್ಳುಗೋಲಿನ ಮೇಲೆ 180 ಕಿಲೋಗ್ರಾಂ. ಪಿಸ್ಟನ್ನಿನ ವ್ಯಾಸ 1 ಅಂಗುಲವಾದರೆ ಅದರ ವಿಸ್ತೀರ್ಣ 5.07 ಚದರ ಸೆಂಟಿಮೀಟರ್. ಒತ್ತಡವು ಚದರ ಸೆಂಟಿಮೀಟರಿಗೆ 35.5 ಕಿಲೋಗ್ರಾಂ. ವ್ಯಾಸವನ್ನು 7/8 ಅಂಗುಲಕ್ಕೆ ಇಳಿಸಿದರೆ ವಿಸ್ತೀರ್ಣ 3.88, ಒತ್ತಡ 46.4. ಮುಕ್ಕಾಲು ಅಂಗುಲಕ್ಕೆ ಇಳಿಸಿದರೆ ವಿಸ್ತೀರ್ಣ 2.85, ಒತ್ತಡ ಸುಮಾರು 63. ಹಾಗಾದರೆ ಸಣ್ಣ ಸಿಲಿಂಡರೇ ಮೇಲಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು.

ನಿಸರ್ಗವು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ನಾಲ್ಕು ಚಕ್ರಗಳ ಒತ್ತುಹಲಗೆಗಳನ್ನು ಅದುಮಲು ಒಟ್ಟು 6 ಘನ ಸೆಂಟಿಮೀಟರ್ ದ್ರವ ಸಾಗಬೇಕೆಂದು ಇಟ್ಟುಕೊಳ್ಳೋಣ. 1 ಅಂಗುಲದ ಪಿಸ್ಟನ್ನು ಇದಕ್ಕಾಗಿ 1.18 ಸೆಂಟಿಮೀಟರ್ ಚಲಿಸಬೇಕು, ಪೆಡಲು ಅದರ ಆರು ಪಟ್ಟು, 7.1 ಸೆಂಟಿಮೀಟರ್ ಇಳಿಯಬೇಕು. 7/8 ಅಂಗುಲದ ಪಿಸ್ಟನ್ನಿಗೆ ಪೆಡಲು 9.3 ಸೆಂಟಿಮೀಟರ್, ಮುಕ್ಕಾಲು ಅಂಗುಲದ್ದಕ್ಕೆ 12.6 ಸೆಂಟಿಮೀಟರ್ ಇಳಿಯಬೇಕು. ಡ್ಯಾಷಿನ ಕೆಳಗೆ ಅಷ್ಟು ಎಡೆಯಿಲ್ಲದಿದ್ದರೆ ಬ್ರೇಕು ಹಿಡಿಯುವ ಮುನ್ನವೇ ಪೆಡಲು ನೆಲಕ್ಕೆ ತಗಲುತ್ತದೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಲೇಬೇಕು.

ತೊಟ್ಟಿಯ ಎತ್ತರ

ದ್ರವದ ತೊಟ್ಟಿಯು ಮಾಸ್ಟರ್ ಸಿಲಿಂಡರಿಗಿಂತ ಮೇಲಿರತಕ್ಕದ್ದು. ಡ್ಯಾಷಿನ ಕೆಳಗೆ ಕೈಯಾಡಿಸುವುದು ಕಷ್ಟವಾದುದರಿಂದ ತೊಟ್ಟಿಯನ್ನು ಬೇರ್ಪಡಿಸಿ, ಮೇಲೆ ಕೈಗೆಟುಕುವ ಕಡೆ ಕೂಡಿಸಿ, ಬ್ರೇಕ್ ದ್ರವಕ್ಕೆ ತಕ್ಕ ಕೊಳವೆಯಿಂದ ಜೋಡಿಸುತ್ತಾರೆ.

ಸ್ಥಾನದಿಂದ ಇನ್ನೊಂದು ಲಾಭವಿದೆ. ಸಿಲಿಂಡರು ನೆಲದ ಕೆಳಗಿದ್ದು, ಚಕ್ರದ ಡಿಸ್ಕ್ ಬ್ರೇಕು ಅದಕ್ಕಿಂತ ಎತ್ತರದಲ್ಲಿದ್ದರೆ, ಪೆಡಲನ್ನು ಬಿಟ್ಟಾಗ ದ್ರವವು ಹಿಂದಕ್ಕೆ ಇಳಿದುಬರುತ್ತದೆ. ಇದನ್ನು ತಡೆಯಲು ಚದರ ಅಂಗುಲಕ್ಕೆ 2 ಪೌಂಡು ಒತ್ತಡವನ್ನು ಉಳಿಸಿಕೊಳ್ಳುವ ಕವಾಟವನ್ನು ಹಾಕಬೇಕಾಗುತ್ತದೆ. ಡ್ಯಾಷಿನ ಕೆಳಗಿನ ಸಿಲಿಂಡರು ಚಕ್ರಕ್ಕಿಂತ ಮೇಲಿರುವುದರಿಂದ ಗುರುತ್ವವೇ ಈ ಕೆಲಸವನ್ನು ಮಾಡುತ್ತದೆ. ಡಿಸ್ಕಿಗೆ ಕವಾಟ ಬೇಡ. ಡ್ರಮ್ ಬ್ರೇಕಿನ ಮಾತು ಬೇರೆ. ಅಲ್ಲಿ ರಬ್ಬರಿನ ಬಟ್ಟಲುಗಳ ಅಂಚು ಸಿಲಿಂಡರಿಗೆ ಅಂಟಿಕೊಂಡಿರಲು 10 ಪೌಂಡಿನ ಕವಾಟವನ್ನು ಹಾಕುವುದು ವಾಡಿಕೆ.

ಒಂದು ಮಿಲಿಮೀಟರ್ ಸಡಿಲ

ಮಾಸ್ಟರ್ ಸಿಲಿಂಡರಿನಲ್ಲಿ ತೊಟ್ಟಿಗೆ ತೆರೆಯುವ ಸೂಕ್ಷ್ಮವಾದ ರಂಧ್ರವೊಂದಿದೆ. ಪಿಸ್ಟನ್ನು ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಅದು ತೆರೆದಿರುತ್ತದೆ. ಓಟದಲ್ಲಿ ಬ್ರೇಕು ಕಾದು ದ್ರವವು ಹಿಗ್ಗಿದಾಗ, ಹೆಚ್ಚಾದದ್ದು ಈ ರಂಧ್ರದ ಮೂಲಕ ತೊಟ್ಟಿಗೆ ಹಿಂತಿರುಗುತ್ತದೆ. ತಳ್ಳುಗೋಲು ತುಸು ಉದ್ದವಾಗಿ ಪಿಸ್ಟನ್ನನ್ನು ಸದಾ ಒತ್ತಿಕೊಂಡಿದ್ದರೆ ರಂಧ್ರವು ಮುಚ್ಚಿಹೋಗುತ್ತದೆ. ಆಗ ಹಿಗ್ಗಿದ ದ್ರವವು ಬ್ರೇಕನ್ನು ತಾನೇ ಅದುಮುತ್ತದೆ; ಅದುಮಿದ ಬ್ರೇಕು ಇನ್ನಷ್ಟು ಕಾಯುತ್ತದೆ; ಕಾದಷ್ಟೂ ದ್ರವ ಹಿಗ್ಗುತ್ತದೆ. ಕೊನೆಗೆ ಚಕ್ರವೇ ಹಿಡಿದುಕೊಳ್ಳಬಹುದು. ಆದುದರಿಂದ ಗೋಲಿಗೂ ಪಿಸ್ಟನ್ನಿಗೂ ನಡುವೆ ಸುಮಾರು 1 ಮಿಲಿಮೀಟರ್ ಸಡಿಲವನ್ನು ಬಿಡುತ್ತಾರೆ. ಕಾಲಿಗೆ ಅದು 6 ಮಿಲಿಮೀಟರ್ ಆಗಿ ತೋರುತ್ತದೆ.

ಗಾಳಿಯೆಂಬ ಶತ್ರು

ದ್ರವವು ಬಹುಮಟ್ಟಿಗೆ ಕುಗ್ಗದು, ಗಾಳಿ ಕುಗ್ಗುತ್ತದೆ. ಕೊಳವೆಗಳಲ್ಲಿ 5 ಘನ ಸೆಂಟಿಮೀಟರ್ ಗಾಳಿ ಉಳಿದಿದೆ ಎನ್ನೋಣ. ನಮ್ಮ 35 ಕಿಲೋಗ್ರಾಂ ಒತ್ತಡಕ್ಕೆ ವಾಯುಮಂಡಲದ್ದನ್ನೂ ಕೂಡಿಸಿದರೆ ಸುಮಾರು 36 ವಾಯುಭಾರ. ಬಾಯ್ಲನ ನಿಯಮದಂತೆ ಗಾಳಿಯು 5/36ಕ್ಕೆ, ಎಂದರೆ 0.14 ಘನ ಸೆಂಟಿಮೀಟರಿಗೆ ಕುಗ್ಗುತ್ತದೆ. ಕಳೆದುಹೋದ 4.86 ಘನ ಸೆಂಟಿಮೀಟರನ್ನು ತುಂಬಲು 1 ಅಂಗುಲದ ಪಿಸ್ಟನ್ನು 0.96 ಸೆಂಟಿಮೀಟರ್, ಪೆಡಲು ಸುಮಾರು ಐದು ಮುಕ್ಕಾಲು ಸೆಂಟಿಮೀಟರ್ ಹೆಚ್ಚಾಗಿ ಇಳಿಯಬೇಕು. ಒಂದು ಚಮಚೆಯಷ್ಟು ಗಾಳಿಯಿಂದ 7 ಸೆಂಟಿಮೀಟರಿನ ಪೆಡಲು 13 ಸೆಂಟಿಮೀಟರಿನದಾಯಿತು! ನಮ್ಮ ಗ್ಯಾರೇಜುಗಳಲ್ಲಿ 'ಏರ್ ತೆಗೆಯುವುದು' ಎನ್ನುವ ಕೆಲಸದ ಮಹತ್ತ್ವ ಇದು.

ಡ್ಯಾಷಿನ ಕೆಳಗೆ ಜಾಗಕ್ಕಾಗಿ ಸಿಲಿಂಡರನ್ನು ಓರೆಯಾಗಿ ಕೂಡಿಸಿ ಅದರ ಮೂತಿಯನ್ನು ಮೇಲೆತ್ತಿದರೆ, ಗಾಳಿಯ ಗುಳ್ಳೆ ಆ ತುದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆದಷ್ಟು ಸಮತಲವಾಗಿ ಕೂಡಿಸಬೇಕು. ಕೂಡಿಸುವ ಮುನ್ನವೇ ಮೇಜಿನ ಮೇಲೆ ಮಟ್ಟವಾಗಿಟ್ಟು, ದ್ರವ ತುಂಬಿ, ಗಾಳಿಯನ್ನು ಹೊರಡಿಸಬೇಕು.

ದ್ರವ ಮತ್ತು ಇಬ್ಬಗೆಯ ಮಾರ್ಗ

ನಾವು ಇದನ್ನು 'ಬ್ರೇಕ್ ಆಯಿಲ್' ಎನ್ನುತ್ತೇವಾದರೂ ಸಾಮಾನ್ಯ ಬ್ರೇಕ್ ದ್ರವವು ಖನಿಜ ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಎಂಜಿನ್ ಎಣ್ಣೆಯನ್ನು ಹೊಯ್ದರೆ ರಬ್ಬರಿನ ಬಟ್ಟಲುಗಳು ಉಬ್ಬಿ ಕೆಡುತ್ತವೆ. ಇದು ಗಾಳಿಯ ತೇವವನ್ನು ಹೀರುವ ಗುಣದ್ದು. 'ಡಾಟ್ 3' ದರ್ಜೆಯ ದ್ರವವು ಹೊಸದಾಗಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕುದಿಯಕೂಡದು. ತೇವ ಹೀರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿ, ಆವಿಯೂ ಗಾಳಿಯಂತೆ ಕುಗ್ಗುತ್ತದೆ. ಆದುದರಿಂದ ದ್ರವವನ್ನು ಕಾಲಕಾಲಕ್ಕೆ ಬದಲಾಯಿಸಬೇಕು.

ಹಳೆಯ ಮಾಸ್ಟರ್ ಸಿಲಿಂಡರಿಗೆ ಒಂದೇ ಪಿಸ್ಟನ್ನು. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕು ಒಮ್ಮೆಗೇ ಹೋಗುತ್ತಿತ್ತು. ಈಗಿನದರಲ್ಲಿ ಎರಡು ಪಿಸ್ಟನ್ನುಗಳು ಒಂದರ ಹಿಂದೊಂದು ಇದ್ದು, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬೇರೆಬೇರೆ ಮಾರ್ಗಗಳಿವೆ. ಒಂದು ಸೋರಿದರೆ ಪೆಡಲು ಕುಸಿದರೂ ಇನ್ನೊಂದು ಹಿಡಿಯುತ್ತದೆ. ಅಮೆರಿಕದಲ್ಲಿ 1968ರಿಂದ ಹೊಸ ಕಾರುಗಳಿಗೆ ಇಂಥ ಏರ್ಪಾಡು ಕಡ್ಡಾಯವಾಯಿತು. ಹಾಟ್ ರಾಡು ಎಷ್ಟೇ ಹಳೆಯ ರೂಪದ್ದಾಗಿರಲಿ, ಈ ಒಂದು ವಿಷಯದಲ್ಲಿ ಹೊಸತನವೇ ಲೇಸು. ಕೈಬ್ರೇಕು ಇವೆರಡಕ್ಕೂ ಹೊರತಾಗಿ ತಂತಿಯಿಂದಲೇ ಕೆಲಸ ಮಾಡುವಂತಿರಬೇಕು.

ಪರೀಕ್ಷೆ

ಕೆಲಸ ಮುಗಿದ ಮೇಲೆ ಕಾರನ್ನು ನಿಲ್ಲಿಸಿಕೊಂಡೇ ಒಬ್ಬರು ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಿಡಿಯಬೇಕು. ಇನ್ನೊಬ್ಬರು ದೀಪ ಹಿಡಿದು ಬ್ರಾಕೆಟ್ಟನ್ನೂ ಅಡ್ಡಗೋಡೆಯನ್ನೂ ಎಲ್ಲ ಕೀಲುಗಳನ್ನೂ ನೋಡಬೇಕು. ಪೆಡಲು ಮೆತ್ತಗಿದ್ದರೆ ಗಾಳಿ ಇದೆಯೆಂದೂ, ನಿಧಾನವಾಗಿ ಕುಸಿಯುತ್ತಿದ್ದರೆ ಎಲ್ಲಿಯೋ ಸೋರಿಕೆಯಿದೆಯೆಂದೂ, ಗೋಡೆ ಅಲುಗಿದರೆ ಊರೆ ಸಾಲದೆಂದೂ ತಿಳಿಯಬೇಕು. ಈ ಮೂರೂ ಇಲ್ಲವಾದ ಮೇಲೆಯೇ ಕಾರು ಅಂಗಳದಲ್ಲಿ ನಡೆಯುವ ವೇಗದಲ್ಲಿ ಹೊರಡತಕ್ಕದ್ದು.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಮೇಲಿನ ಕಾರಿನಲ್ಲಿ ತಳ್ಳುಗೋಲನ್ನು ಆಧಾರ ಬಿಂದುವಿನಿಂದ 5ರ ಬದಲು 6 ಸೆಂಟಿಮೀಟರ್ ದೂರದಲ್ಲಿ ತಗಲಿಸಿ, 7/8 ಅಂಗುಲದ ಸಿಲಿಂಡರನ್ನು ಕೂಡಿಸಿದರೆ, 30 ಕಿಲೋಗ್ರಾಂ ಬಲಕ್ಕೆ ಒತ್ತಡವೆಷ್ಟು, 6 ಘನ ಸೆಂಟಿಮೀಟರಿಗೆ ಪೆಡಲಿನ ಇಳಿತವೆಷ್ಟು? ಉತ್ತರವನ್ನು 6ರ ಅನುಪಾತ ಮತ್ತು 1 ಅಂಗುಲದ ಜೋಡಿಯೊಡನೆ ಹೋಲಿಸಿ ನೋಡಿರಿ. ಹಾಟ್ ರಾಡ್ ಕಟ್ಟುವವನು ಕಬ್ಬಿಣ ಕತ್ತರಿಸುವ ಮುನ್ನ ಕಾಗದದ ಮೇಲೆ ಮಾಡಬೇಕಾದ ಲೆಕ್ಕವೂ ಇದೇ.