ಉಳಿಸಿದ ರೊಕ್ಕ ಎಲ್ಲೈತಿ?

ಬಿಲ್ಲು ಮೊಳದುದ್ದ ಇತ್ತು. ಜನವರಿ 26ರ ಸೇಲ್‌ನಿಂದ ಆಟೋದಲ್ಲಿ ನಾಲ್ಕು ಚೀಲ ಹೇರಿಕೊಂಡು ಬಂದವಳು ಅದನ್ನು ಊಟದ ಮೇಜಿನ ಮೇಲೆ ಹರಡಿ ಅತ್ತೆಗೆ ತೋರಿಸಿದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ಇಂದು ನೀವು ಉಳಿಸಿದ್ದು 1,912 ರೂಪಾಯಿ. ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಆಮೇಲೆ ಅದರ ಮೇಲಿನ ಸಾಲನ್ನೂ ಓದಿದರು. ಅಲ್ಲಿ, ನಾನು ಕೊಟ್ಟದ್ದು 6,840 ರೂಪಾಯಿ ಎಂದಿತ್ತು.

“ಉಳಿಸಿದ ರೊಕ್ಕ ಎಲ್ಲೈತಿ? ತೋರಸವಾ, ನೋಡೂಣು” ಎಂದರು.

ಅತ್ತೆ ಹಾವೇರಿ ಕಡೆಯವರು, ಕುಹಕದ ಮಾತು ಅವರಿಗೆ ಬರುವುದಿಲ್ಲ. ದುಡ್ಡು ಉಳಿದಿದ್ದರೆ ಎಲ್ಲೋ ಇರಬೇಕಲ್ಲ ಎಂಬ ಲೆಕ್ಕ ಅವರದು. ನನಗೆ ಮಾತ್ರ ಸಿಟ್ಟು ಬಂತು. ಮೂರು ಗಂಟೆ ಸಾಲಿನಲ್ಲಿ ನಿಂತಿದ್ದೆ. ರಾತ್ರಿ ಡಬ್ಬಿಗಳಿಗೆಲ್ಲ ಸಾಮಾನು ತುಂಬಿಸುವಾಗ ಸಿಟ್ಟು ಇಳಿದು ಲೆಕ್ಕ ಶುರುವಾಯಿತು. ನಮ್ಮದು ಐದು ಜನರ ಮನೆ. ಆಗ ತಿಂಗಳ ದಿನಸಿ 5,000 ದಾಟುತ್ತಿರಲಿಲ್ಲ. ಆ ತಿಂಗಳು, ತರಕಾರಿ ಹಾಲು ಬಿಟ್ಟು, ಒಂದೇ ದಿನ 6,840 ಹೋಗಿತ್ತು. ಚೀಲದಲ್ಲಿ ಮೂರು ಬಾಟಲಿ ಮೇಯನೇಸ್ ಇತ್ತು. ನಮ್ಮ ಮನೆಯಲ್ಲಿ ಯಾರೂ ಮೇಯನೇಸ್ ತಿನ್ನುವುದಿಲ್ಲ.

ಕೂಪನ್ನಿನ ಚಟ ನನಗೆ ಹಳೆಯದು. ಮೊದಲ ಕೆಲಸದಲ್ಲಿದ್ದಾಗ ಸಂಬಳದ ಜೊತೆ ಕಂಪನಿ ಊಟದ ಕೂಪನ್ ಕೊಡುತ್ತಿತ್ತು. ಚೆಕ್‌ಪುಸ್ತಕದ ಹಾಗೆ ಹರಿದು ಕೊಡುವ ಕಾಗದದ ಹಾಳೆಗಳು. ಅದಕ್ಕೆ ತೆರಿಗೆ ಇರಲಿಲ್ಲ, ಸೂಪರ್‌ ಮಾರ್ಕೆಟ್‌ನಲ್ಲೂ ನಡೆಯುತ್ತಿತ್ತು. ಆದರೆ ಚಿಲ್ಲರೆ ವಾಪಸ್ ಕೊಡುವಂತಿರಲಿಲ್ಲ. 471 ರೂಪಾಯಿ ಬಿಲ್ಲಾದರೆ 500ರ ಕೂಪನ್ ಕೊಟ್ಟು, “ಮೇಡಂ, ಇನ್ನೇನಾದ್ರೂ ತಗೊಳ್ಳಿ” ಎಂಬ ಮಾತಿಗೆ ಕೌಂಟರ್ ಪಕ್ಕದ ಚಾಕೊಲೇಟ್ ಎತ್ತಿಕೊಳ್ಳುವುದು. ಎಷ್ಟೋ ವರ್ಷ ಪ್ರತಿ ವಾರ ಹೀಗೆ 20, 30 ರೂಪಾಯಿಯ ಚಾಕೊಲೇಟ್ ತಿಂದು ದುಡ್ಡು ಉಳಿಸಿದ್ದೇನೆ.

ಈಗಿನ ಆ್ಯಪ್‌ಗಳದೂ ಅದೇ ವರಸೆ. ಹೋದ ತಿಂಗಳು ಬುಟ್ಟಿಯಲ್ಲಿ 436 ರೂಪಾಯಿ ಸಾಮಾನಿತ್ತು. 499 ಮುಟ್ಟಿದರೆ 50 ರೂಪಾಯಿ ಕಡಿತ, ‘ಇನ್ನು 63 ರೂಪಾಯಿ ಅಷ್ಟೇ’ ಎಂದು ಹಸಿರು ಪಟ್ಟಿ ಮಿನುಗುತ್ತಿತ್ತು. 70 ರೂಪಾಯಿಯ ಚಿಪ್ಸ್ ಸೇರಿಸಿದೆ. ಒಟ್ಟು 506, ಕೂಪನ್ ಕಳೆದು 456. ಅಂದರೆ 20 ರೂಪಾಯಿ ಹೆಚ್ಚೇ ಕೊಟ್ಟೆ. ಮಗ ಒಪ್ಪಲಿಲ್ಲ: “ಅಮ್ಮಾ, 70ರ ಚಿಪ್ಸ್ 20ಕ್ಕೆ ಸಿಕ್ಕಿತಲ್ಲ!” ಅವನ ಗಣಿತ ಸರಿಯಾಗಿಯೇ ಇದೆ. ಚಿಪ್ಸ್ ಬೇಕೆಂದು ಬೆಳಿಗ್ಗೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅಷ್ಟೆ.

ನನಗೆ ಸರಿಯಾಗಿ ಬುದ್ಧಿ ಕಲಿಸಿದ್ದು ರವೆ. ಒಂದು ಆಗಸ್ಟ್ 15ರ ಸೇಲ್‌ನಲ್ಲಿ ಒಂದು ಕೊಂಡರೆ ಒಂದು ಉಚಿತ ಎಂದು ಆರು ಕಿಲೋ ಚಿರೋಟಿ ರವೆ, ನಾಲ್ಕು ಕಿಲೋ ಬನ್ಸಿ ರವೆ ತಂದು ಅಟ್ಟದ ಡಬ್ಬಿಗೆ ಸುರಿದೆ. ನವರಾತ್ರಿ ಹೊತ್ತಿಗೆ ಕೇಸರಿಬಾತಿಗೆಂದು ಮುಚ್ಚಳ ತೆಗೆದರೆ ರವೆ ಗಂಟುಗಂಟಾಗಿ ನೂಲು ಹಿಡಿದಂತೆ ಮೇಲೆದ್ದು ಬಂತು. ಬೆಳ್ಳಗಿನ ಸಣ್ಣ ಹುಳ ಡಬ್ಬಿಯ ಅಂಚಿನಲ್ಲಿ ಹರಿದಾಡುತ್ತಿತ್ತು. ಅತ್ತೆ ಬಂದು ನೋಡಿ, “ಮಳಿಗಾಲದಾಗ ಹಸಿ ರವಾ ಯಾರರ ಇಡ್ತಾರೇನವಾ? ಹುರದ ಇಡಬೇಕು” ಎಂದರು. ಉಚಿತವಾಗಿ ಬಂದದ್ದೂ ದುಡ್ಡು ಕೊಟ್ಟದ್ದೂ ಒಟ್ಟಿಗೇ ಕಸದ ಗಾಡಿಗೆ ಹೋಯಿತು.

ಅಂದಿನಿಂದ ಒಂದು ಹಳೇ ಡೈರಿಯಲ್ಲಿ ಬೆಲೆ ಬರೆಯಲು ಶುರುಮಾಡಿದೆ. ಎಲ್ಲವನ್ನೂ ಅಲ್ಲ, ತಿಂಗಳು ತಿಂಗಳೂ ತಪ್ಪದೆ ತರುವ 22 ಸಾಮಾನು ಮಾತ್ರ. ತಾರೀಖು, ಎಲ್ಲಿ ಕೊಂಡದ್ದು, ತೂಕ, ಕಿಲೋಗೆ ಎಷ್ಟು ಬಿತ್ತು. ಮೂರು ತಿಂಗಳಲ್ಲಿ ಡೈರಿ ಮಾತಾಡತೊಡಗಿತು. ಬಟ್ಟೆ ಸೋಪಿನ ಪುಡಿಗೆ ನಾನು ಹೋಗುವ ಅಂಗಡಿಯಲ್ಲಿ ಐದಾರು ವಾರಕ್ಕೊಮ್ಮೆ ರಿಯಾಯಿತಿ ಬರುತ್ತದೆ, ಹಾಗಾಗಿ ನಡುವೆ ಕೊಳ್ಳುವುದೇ ಬೇಡ. ತೊಗರಿಬೇಳೆಗೆ ‘ಆಫರ್’ ಎಂದು ಬರೆದ ಬೆಲೆಗಿಂತ ನಮ್ಮ ವಿಜಯನಗರದ ಮೂಲೆಯ ಶೆಟ್ಟರ ಅಂಗಡಿಯ ಮಾಮೂಲಿ ಬೆಲೆ ಹೆಚ್ಚು ಸಲ ಕಡಿಮೆಯೇ ಇತ್ತು. ಈ ವಿಷಯ ಹೇಳಿದರೆ ಶೆಟ್ಟರು ನಕ್ಕು, “ಸೋಪು, ಶಾಂಪೂ ಅಲ್ಲೇ ತಗೊಳ್ಳಿ ಮೇಡಂ, ಆ ರೇಟು ನಮಗೇ ಬೀಳಲ್ಲ. ಬೇಳೆ ಮಾತ್ರ ಇಲ್ಲಿ ಕೈಯಲ್ಲಿ ಹಿಡಿದು ನೋಡಿ ತಗೊಳ್ಳಿ” ಎಂದರು. ತಮ್ಮ ಗಿರಾಕಿಯನ್ನು ಅರ್ಧ ಬಿಟ್ಟುಕೊಟ್ಟು ಅರ್ಧ ಉಳಿಸಿಕೊಂಡ ಅವರ ಜಾಣತನ ನನಗೆ ಇಷ್ಟವಾಯಿತು.

ಡೈರಿ ಇಲ್ಲದಿದ್ದರೆ ಎಣ್ಣೆಯ ಆಟ ನನಗೆ ತಿಳಿಯುತ್ತಲೇ ಇರಲಿಲ್ಲ. ಒಂದು ದಿನ ಸೂರ್ಯಕಾಂತಿ ಎಣ್ಣೆಯ ಎರಡು ಪ್ಯಾಕೆಟ್ ಅಕ್ಕಪಕ್ಕ ಇದ್ದವು. ಒಂದಕ್ಕೆ 148, ಇನ್ನೊಂದಕ್ಕೆ 142. ಗಾತ್ರ ನೋಡಿದರೆ ಅವಳಿ ಮಕ್ಕಳು. ಆರು ರೂಪಾಯಿ ಕಡಿಮೆಯದನ್ನೇ ಬುಟ್ಟಿಗೆ ಹಾಕಿದೆ. ಮನೆಗೆ ಬಂದು ತೂಕ ಬರೆಯುವಾಗ ನೋಡುತ್ತೇನೆ, 148ರದ್ದು ಒಂದು ಲೀಟರ್, ಅಂದರೆ ಸುಮಾರು 910 ಗ್ರಾಂ. ನಾನು ತಂದದ್ದು 850 ಗ್ರಾಂ. ಕಿಲೋ ಲೆಕ್ಕಕ್ಕೆ ಮೊದಲನೆಯದು 163 ರೂಪಾಯಿ ಬಿದ್ದರೆ ನನ್ನದು 167. ಮೊದಲು ಎಣ್ಣೆ, ಚಹಾಪುಡಿ, ಬಿಸ್ಕತ್ತನ್ನು ಇಷ್ಟಿಷ್ಟೇ ತೂಕದಲ್ಲಿ ಕಟ್ಟಬೇಕೆಂಬ ನಿಯಮವಿತ್ತು. ಅದನ್ನು ತೆಗೆದ ಮೇಲೆ ಯಾರು ಎಷ್ಟು ಬೇಕಾದರೂ ತುಂಬಬಹುದು. ಬದಲಿಗೆ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಎಂಬುದನ್ನು ಪ್ಯಾಕೆಟ್ ಮೇಲೆ ಅಚ್ಚು ಹಾಕಬೇಕು. ಎಂಆರ್‌ಪಿ ಹತ್ತಿರ ಇರುವೆ ಸಾಲಿನಂಥ ಅಕ್ಷರದಲ್ಲಿ ಅದು ಇರುತ್ತದೆ, ಹುಡುಕಿ ನೋಡಿ. ಆದರೆ ಅದು ಎಂಆರ್‌ಪಿಯ ಲೆಕ್ಕ, ಸೇಲ್ ಬೆಲೆಯದಲ್ಲ. ರಿಯಾಯಿತಿ ಇದ್ದ ದಿನ ಮೊಬೈಲ್‌ ತೆಗೆದು ಭಾಗಾಕಾರ ಮಾಡಲೇಬೇಕು. ಹಿಂದೆ ನಿಂತವರು ನಿಟ್ಟುಸಿರು ಬಿಡುತ್ತಾರೆ, ಬಿಡಲಿ.

ತೆರಿಗೆ ಇಳಿದಾಗಲೂ ಡೈರಿ ಉಪಯೋಗಕ್ಕೆ ಬಂತು. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಬಂತು. 118 ರೂಪಾಯಿಯ ಸಾಮಾನು 105ಕ್ಕೆ ಸಿಗಬೇಕು, ಸುಮಾರು ಶೇ 11ರಷ್ಟು ಇಳಿಕೆ. ಕೆಲವು ದಿನದ ಮೇಲೆ ಒಂದು ಅಂಗಡಿಯಲ್ಲಿ ಟೂತ್‌ಪೇಸ್ಟ್‌ಗೆ ‘ಹಬ್ಬದ ವಿಶೇಷ ರಿಯಾಯಿತಿ’ ಎಂದು ಕೆಂಪು ಚೀಟಿ ಅಂಟಿಸಿದ್ದರು. ನನ್ನ ಡೈರಿಯ ಹಳೇ ಬೆಲೆಗಿಂತ ಸರಿಯಾಗಿ ಶೇ 11 ಕಡಿಮೆ, ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಿಲ್ಲ. ಹಬ್ಬದ ಪಾಲು ಅದರಲ್ಲಿ ಏನೂ ಇರಲಿಲ್ಲ.

ಇನ್ನೊಂದು ಅಂಗಡಿಯಲ್ಲಿ ಅರ್ಧ ಕಿಲೋ ಚಹಾಪುಡಿಗೆ ಶೆಲ್ಫಿನ ಮೇಲೆ 30 ರೂಪಾಯಿ ಕಡಿತ ಎಂದಿತ್ತು, ಬಿಲ್ಲಿನಲ್ಲಿ ಇರಲಿಲ್ಲ. “ಅದು ಹಳೇ ಸ್ಟಾಕಿಗೆ ಮೇಡಂ” ಎಂದ ಹುಡುಗ. ಮೊದಲಾಗಿದ್ದರೆ ಸಂಕೋಚಪಟ್ಟು ಬಂದುಬಿಡುತ್ತಿದ್ದೆ. ಆ ದಿನ ಚಹಾಪುಡಿ ಕೌಂಟರಿನಲ್ಲೇ ಬಿಟ್ಟು ಬಂದೆ. ಬಿಲ್ಲನ್ನು ಬಾಗಿಲು ದಾಟುವ ಮೊದಲೇ ಓದಬೇಕು. ಮನೆಗೆ ಬಂದ ಮೇಲೆ 30 ರೂಪಾಯಿಗಾಗಿ ಯಾರೂ ತಿರುಗಿ ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದರೂ ನಮ್ಮ ಮನೆಯಲ್ಲಿ ದೊಡ್ಡ ಉಳಿತಾಯ ಬಂದದ್ದು ಕೂಪನ್ನಿಂದಲ್ಲ. ಅತ್ತೆಗೆ ಮೊದಲೇ ಗೊತ್ತಿದ್ದದ್ದು ನನಗೆ ತಡವಾಗಿ ತಿಳಿಯಿತು: ಪ್ರತಿ ಪದಾರ್ಥಕ್ಕೂ ಒಂದು ಸುಗ್ಗಿ ಇದೆ. ಕಲಬುರಗಿ ಕಡೆಯ ಹೊಸ ತೊಗರಿ ಜನವರಿ, ಫೆಬ್ರುವರಿಯಲ್ಲಿ ಬರುತ್ತದೆ. ಹುಣಸೆಹಣ್ಣು ಶಿವರಾತ್ರಿ ಆಸುಪಾಸಿಗೆ. ಬ್ಯಾಡಗಿ ಮೆಣಸಿನಕಾಯಿಯ ರಾಶಿಯೂ ಅದೇ ಕಾಲಕ್ಕೆ. ಊರಿಂದ ಯಾರಾದರೂ ಬರುವವರಿದ್ದರೆ ಅತ್ತೆ ಫೋನಿನಲ್ಲಿ “ಡಬ್ಬಿ ತರ್ರಿ, ಕಡ್ಡಿ ಬ್ಯಾಡ” ಎಂದು ಹೇಳಿಬಿಡುತ್ತಾರೆ. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿಯ ತಳಿಗಳೇ. ಡಬ್ಬಿ ಗಿಡ್ಡ, ದುಂಡು, ಬಣ್ಣಕ್ಕೆ ಹೆಸರಾದದ್ದು. ಆ ಎರಡು ತಿಂಗಳು ದುಡ್ಡು ಹೆಚ್ಚು ಹೋಗುತ್ತದೆ ನಿಜ. ಆದರೆ ವರ್ಷದ ಸಾರಿನಪುಡಿಯ ಕೆಲಸ ಆಗಲೇ ಮುಗಿದಿರುತ್ತದೆ.

ಜಾಸ್ತಿ ತಂದರೆ ಸಾಲದು, ಇಡುವುದು ಗೊತ್ತಿರಬೇಕು. ಹತ್ತು ಕಿಲೋ ತೊಗರಿಬೇಳೆಯನ್ನು ಅತ್ತೆ ಎರಡು ದಿನ ಟೆರೇಸಿನ ಬಿಸಿಲಿಗೆ ಹಾಕುತ್ತಾರೆ. ಆರಿದ ಮೇಲೆ ಅಂಗೈಗೆ ಹರಳೆಣ್ಣೆ ಸವರಿಕೊಂಡು ಬೇಳೆಯನ್ನು ಹಗುರವಾಗಿ ತಿಕ್ಕುತ್ತಾರೆ. ಎಣ್ಣೆ ಜಾಸ್ತಿಯಾದರೆ ಬೇಳೆ ಜಿಡ್ಡುವಾಸನೆ ಹೊಡೆಯುತ್ತದೆ, ಕಡಿಮೆಯಾದರೆ ಹುಳ ಹೊಗುತ್ತದೆ. ನನಗಿನ್ನೂ ಆ ಹದ ಸಿಕ್ಕಿಲ್ಲ.

ಈಗ ತಿಂಗಳ ಮೊದಲ ದಿನ ದಿನಸಿಗೆಂದು 5,500 ರೂಪಾಯಿ ನಗದು ತೆಗೆದಿಡುತ್ತೇನೆ. ಆ್ಯಪ್‌ನಿಂದ ತರಿಸಿದರೆ ಅಷ್ಟನ್ನು ಆ ನಗದಿನಿಂದ ಎತ್ತಿಬಿಡುತ್ತೇನೆ. ಸುಗ್ಗಿಯ ಖರ್ಚಿಗೆ ಬೇರೆ ಲಕೋಟೆ. ತಿಂಗಳ ಕೊನೆಗೆ ಕೈಯಲ್ಲಿ ಉಳಿದದ್ದು ಹಳೇ ಸಾಸಿವೆ ಡಬ್ಬಿಗೆ ಹೋಗುತ್ತದೆ. ಅತ್ತೆ ಕೇಳಿದರೆ ತೆಗೆದು ತೋರಿಸಲು ಬರುತ್ತದೆ. ಜೂನ್‌ನಲ್ಲಿ 310 ರೂಪಾಯಿ ಹಾಕಿದೆ, ಜುಲೈಯಲ್ಲಿ 640. ಆಗಸ್ಟ್ 15ರ ಸೇಲ್ ಇದ್ದ ತಿಂಗಳು ಹಾಕಲು ಏನೂ ಉಳಿಯಲಿಲ್ಲ.